ಒಳಗಿನಿಂದ ನೋಡಿದ ನೀರು

ಹೋದ ವರ್ಷ ಮಾರ್ಚ್ ತಿಂಗಳು. ನಾನು ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದೆ. ಹಾಲ್‌ನಲ್ಲಿ ಮಗಳು ಫೋನಿನಲ್ಲಿ ಗೆಳತಿ ಜೊತೆ ಮಾತಾಡುತ್ತಿದ್ದಳು. ಬೇಸಿಗೆ ರಜೆಗೆ ಈಜು ಕಲಿಯೋಕೆ ಬರ್ತೀಯಾ ಅಂತ ಆ ಹುಡುಗಿ ಕೇಳಿರಬೇಕು. ನನ್ನ ಮಗಳು ಅಂದಳು, "ಇಲ್ಲ ಕಣೇ, ನಮ್ಮನೇಲಿ ಯಾರಿಗೂ ನೀರು ಆಗಲ್ಲ."

ಲಟ್ಟಣಿಗೆ ಕೈಯಲ್ಲೇ ನಿಂತುಬಿಟ್ಟಿತು. ಅವಳಿಗೆ 12 ವರ್ಷ. ಒಂದು ದಿನವೂ ಕೊಳಕ್ಕೋ ಹೊಳೆಗೋ ಇಳಿದವಳಲ್ಲ, ಇಳಿಯೋಕೆ ನಾನು ಬಿಟ್ಟೇ ಇಲ್ಲ. ಆದರೂ ಮೂಗು, ಕೂದಲು, ಮೈಬಣ್ಣ ಮನೆತನದಿಂದ ಬರುವ ಹಾಗೆ ಇದೂ ಬಂದಿದೆ ಅನ್ನೋ ಥರ, ಒಂಚೂರು ಬೇಸರವೂ ಇಲ್ಲದೆ ಹೇಳಿದಳು. ಭಯ ನನ್ನದು. ಅವಳದಲ್ಲ. ಅವಳಿಗೆ ಗೊತ್ತಿಲ್ಲದ ಹಾಗೆ ಅವಳ ಕೈಗೆ ಕೊಟ್ಟುಬಿಟ್ಟಿದ್ದೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಮ್ಮೂರು ಪಾಂಡವಪುರ ತಾಲ್ಲೂಕು. ವಿ.ಸಿ. ನಾಲೆ ಊರಿನ ಪಕ್ಕದಲ್ಲೇ ಹೋಗುತ್ತದೆ. ಕನ್ನಂಬಾಡಿ ಕಟ್ಟೆಯಿಂದ ಹೊರಟು ಮಂಡ್ಯ ಸೀಮೆಯ ಗದ್ದೆಗಳಿಗೆ ನೀರು ಕೊಡುವ ನಾಲೆ. ಹಿಂದೆ ಇರ್ವಿನ್ ನಾಲೆ ಅನ್ನುತ್ತಿದ್ದರು, ಆಮೇಲೆ ವಿಶ್ವೇಶ್ವರಯ್ಯನವರ ಹೆಸರು ಬಂತು. ನಮ್ಮ ಭತ್ತ, ಕಬ್ಬು, ಅಪ್ಪ ಕಟ್ಟಿಸಿದ ಮನೆ, ನನ್ನ ಓದು, ಎಲ್ಲ ಆ ನೀರಿನಿಂದಲೇ ಬಂದಿದ್ದು. ಅದಕ್ಕೇ ಊರಲ್ಲಿ ಯಾರೂ ನಾಲೆಯನ್ನ ಬೈಯಲ್ಲ. ಏನಾದರೂ ಆದಾಗಲೂ ಬೈಯಲ್ಲ.

1990ರ ಮಾರ್ನಾಮಿ ರಜೆ. ನನಗೆ 9 ವರ್ಷ, ಚಿಕ್ಕಪ್ಪನ ಮಗನಿಗೆ 11. ಇಬ್ಬರೂ ಎಮ್ಮೆ ಮೈ ತೊಳೆಯೋಕೆ ನಾಲೆಗೆ ಹೋಗಿದ್ದೆವು. ಅವನು ಅರ್ಧ ತಿಂದ ಸೀಬೆಹಣ್ಣನ್ನ ನನ್ನ ಕೈಗೆ ಕೊಟ್ಟು, "ಹಿಡ್ಕೊ, ತಿಂದ್ಬುಟ್ಟೀಯ" ಅಂದು ಮೆಟ್ಟಿಲು ಇಳಿದ. ಪಾಚಿ ಕಟ್ಟಿದ ಮೆಟ್ಟಿಲು. ಕಾಲು ಜಾರಿತು. ನಾಲೆಯ ನೀರು ಕೆರೆ ನೀರಿನ ಹಾಗಲ್ಲ. ಮೇಲೆ ನೋಡೋಕೆ ಸುಮ್ನೆ ಇರುತ್ತೆ, ಒಳಗೆ ಎಳೆಯುತ್ತೆ, ಎರಡೂ ಕಡೆ ಜಾರುವ ಕಲ್ಲುಕಟ್ಟು, ಹಿಡಿದುಕೊಳ್ಳೋಕೆ ಒಂದು ಬೇರು ಕೂಡ ಸಿಗಲ್ಲ. ಒಂದು ಸಲ ಅವನ ಕೈ ಕಂಡಿತು. ಆಮೇಲೆ ನೀರು ಮುಚ್ಚಿಕೊಂಡಿತು. ಮೊದಲು ಹೇಗಿತ್ತೋ ಹಾಗೇ ಹರಿಯಿತು. ಎಮ್ಮೆ ಅಲ್ಲೇ ನಿಂತು ಮೆಲುಕು ಹಾಕುತ್ತಿತ್ತು.

ರಾತ್ರಿ ಅವ್ವ ನನ್ನ ಮುಷ್ಟಿ ಬಿಡಿಸಿದಾಗ ಆ ಸೀಬೆಹಣ್ಣು ಇನ್ನೂ ಅಲ್ಲೇ ಇತ್ತು.

ಆಮೇಲೆ ನಮ್ಮ ಮನೆಯಲ್ಲಿ ಯಾರೂ ಅವನ ಹೆಸರು ಎತ್ತಲಿಲ್ಲ. ಅವ್ವ ಒಂದೇ ಮಾತು ಹೇಳುತ್ತಿದ್ದಳು, "ನೀರ್ ತಾವಕ್ಕೆ ಹೋಗ್ಬೇಡ." ನಾನು ಹೋಗಲಿಲ್ಲ. ಶ್ರೀರಂಗಪಟ್ಟಣದ ಸಂಗಮಕ್ಕೆ ಮನೆಯವರೆಲ್ಲ ಹೋದಾಗ ದಡದಲ್ಲಿ ಬಟ್ಟೆ ಕಾಯುತ್ತಾ ಕೂತಿದ್ದೆ. ಊರಿನ ಬಸ್ಸು ನಾಲೆ ಸೇತುವೆ ದಾಟುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. 2018ರ ನವೆಂಬರ್ 24ರಂದು ಕನಗನಮರಡಿ ಹತ್ತಿರ ಬಸ್ಸು ಇದೇ ನಾಲೆಗೆ ಬಿದ್ದು 30 ಜನ ಹೋದರಲ್ಲ, ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಅವತ್ತು ಟಿವಿ ಮುಂದೆ ಕೂತು ಮಗಳನ್ನ ತಬ್ಬಿಕೊಂಡವಳು ರಾತ್ರಿವರೆಗೂ ಬಿಟ್ಟಿರಲಿಲ್ಲ.

ಇಷ್ಟೇ ಆಗಿದ್ದರೆ ಬೇರೆ ಮಾತು. ಈಜು ಬರದೆ ಎಷ್ಟೋ ಜನ ಸುಖವಾಗಿ ಬದುಕುತ್ತಾರೆ. ಆದರೆ ಭಯ ನೀರಿಗೆ ಮಾತ್ರ ನಿಲ್ಲಲಿಲ್ಲ. "ನನಗೆ ನೀರು ಆಗಲ್ಲ" ಅನ್ನೋದು ನಿಧಾನವಾಗಿ "ನನಗೆ ಹೊಸದು ಯಾವುದೂ ಆಗಲ್ಲ" ಅಂತ ಆಯಿತು. ಸ್ಕೂಟರ್ ಕಲಿಯಲಿಲ್ಲ. ಬ್ಯಾಂಕ್ ಕೆಲಸದಲ್ಲಿ ಪ್ರಮೋಷನ್ ಬೇಡ ಅಂತ ಎರಡು ಸಲ ಬರೆದುಕೊಟ್ಟೆ. ಕೇಳಿದವರಿಗೆಲ್ಲ ಮನೆ, ಮಗಳು ಅಂತ ಕಾರಣ ಹೇಳಿದೆ. ನೀರಿನ ಆ ಭಯವೇ ಅಲ್ಲೂ ಇತ್ತು ಅಂತ ನನಗೆ ಗೊತ್ತಾಗಿದ್ದು 44ನೇ ವಯಸ್ಸಿನಲ್ಲಿ.

ಏಪ್ರಿಲ್‌ನಲ್ಲಿ ಮೈಸೂರಿನ ಒಂದು ಈಜುಕೊಳದಲ್ಲಿ ಇಬ್ಬರ ಹೆಸರೂ ಬರೆಸಿದೆ. ಮಗಳದೂ, ನನ್ನದೂ. ಅವಳನ್ನ ಮಾತ್ರ ಸೇರಿಸಬಹುದಿತ್ತು. ಆದರೆ ದಡದಲ್ಲಿ ಬಿಳಿಚಿಕೊಂಡು ಕೂತ ಅಮ್ಮನನ್ನ ನೋಡುತ್ತಾ ಯಾವ ಮಗು ಈಜು ಕಲಿಯುತ್ತೆ?

ಮಗಳು ಹತ್ತೇ ದಿನಕ್ಕೆ ಕಲಿತಳು. ಅವಳದು ಅಷ್ಟೇ ಕಥೆ.

ನಾನು ಮೊದಲ ನಾಲ್ಕು ದಿನ ಮೂರೂವರೆ ಅಡಿ ನೀರಿನಲ್ಲಿ ಕಂಬಿ ಹಿಡಿದು ನಿಂತೆ. ನೀರು ಎದೆಗೂ ಬರುತ್ತಿರಲಿಲ್ಲ. ಬೆರಳ ಗೆಣ್ಣುಗಳು ಬೆಳ್ಳಗಾಗುವಷ್ಟು ಗಟ್ಟಿ ಹಿಡಿದಿದ್ದೆ. ಬರುವ ಮುಂಚೆ ಒಂದು ವಾರ ಫೋನಿನಲ್ಲಿ ಧೈರ್ಯ ತುಂಬುವ ವಿಡಿಯೋಗಳನ್ನ ನೋಡಿದ್ದೆ. ನಿನ್ನಿಂದ ಆಗುತ್ತೆ, ಮನಸ್ಸು ಮಾಡು, ಭಯಾನ ಒದ್ದು ಓಡಿಸು. ನೀರಿಗೆ ಇಳಿದ ಕೂಡಲೇ ಅದರಲ್ಲಿ ಒಂದು ಮಾತೂ ನೆನಪಿಗೆ ಬರಲಿಲ್ಲ. ಬೈದುಕೊಂಡಷ್ಟೂ ಮೈ ಇನ್ನೂ ಬಿಗಿಯಿತು.

ಹೆಂಗಸರ ಬ್ಯಾಚಿಗೆ ಕಲಿಸುತ್ತಿದ್ದ ಹುಡುಗಿಗೆ ಇಪ್ಪತ್ತೈದು, ಇಪ್ಪತ್ತಾರು ಇರಬಹುದು. ಐದನೇ ದಿನ ನನ್ನ ಪಕ್ಕ ಬಂದು ನಿಂತು ಮೆತ್ತಗೆ ಕೇಳಿದಳು. "ಮೇಡಂ, ನಿಮಗೆ ಯಾವುದಕ್ಕೆ ಭಯ? ಮೂಗಿಗೆ ನೀರು ಹೋಗುತ್ತೆ ಅಂತಾನಾ, ಕಾಲಿಗೆ ನೆಲ ಸಿಗಲ್ಲ ಅಂತಾನಾ, ಉಸಿರು ಕಟ್ಟುತ್ತೆ ಅಂತಾನಾ? ಒಬ್ಬೊಬ್ಬರಿಗೆ ಒಂದೊಂದು ಇರುತ್ತೆ."

ನನ್ನನ್ನ ಯಾರೂ ಹಾಗೆ ಕೇಳಿರಲಿಲ್ಲ. ಹೆದರಬೇಡ ಅಂದಿದ್ದಾರೆ, ಏನೂ ಆಗಲ್ಲ ಅಂದಿದ್ದಾರೆ. ಯಾವುದಕ್ಕೆ ಅಂತ ಕೇಳಿಲ್ಲ. ನಾನು ಒಂದೊಂದಾಗಿ ಯೋಚಿಸಿದೆ. ಮೂಗು ಅಲ್ಲ. ನೆಲ ಅಲ್ಲ. ಉಸಿರೂ ಅಲ್ಲ. ಬಾಯಿಂದ ತಾನಾಗೇ ಬಂತು. "ನೀರು ಮುಚ್ಚಿಕೊಳ್ಳೋದಕ್ಕೆ. ಮುಚ್ಚಿಕೊಂಡು ಏನೂ ಆಗಿಲ್ಲ ಅನ್ನೋ ಹಾಗೆ ಇರೋದಕ್ಕೆ." ಆಮೇಲೆ 35 ವರ್ಷದಿಂದ ಯಾರ ಹತ್ತಿರವೂ ಹೇಳದೇ ಇದ್ದದ್ದನ್ನ, ಗಂಡನ ಹತ್ತಿರವೂ ಪೂರ್ತಿ ಹೇಳದೇ ಇದ್ದದ್ದನ್ನ, ಕ್ಲೋರಿನ್ ವಾಸನೆಯ ನೀರಿನಲ್ಲಿ ನಿಂತು ಆ ಹುಡುಗಿಗೆ ಹೇಳಿದೆ. ಸೀಬೆಹಣ್ಣಿನ ವಿಷಯವನ್ನೂ.

ಅವಳು ಸಮಾಧಾನದ ಮಾತು ಏನೂ ಆಡಲಿಲ್ಲ. ತನ್ನ ತಲೆಯಿಂದ ಗಾಗಲ್ಸ್ ತೆಗೆದು ನನಗೆ ಹಾಕಿದಳು. "ನೀವು ನೀರನ್ನ ಬರೀ ಹೊರಗಿನಿಂದ ನೋಡಿದ್ದೀರ. ಒಂದು ಸಲ ಒಳಗಿನಿಂದ ನೋಡಿ. ಒಂದು ಕೈ ಕಂಬಿ ಮೇಲೇ ಇರಲಿ. ಇನ್ನೊಂದು ಕೈ ನಾನು ಹಿಡ್ಕೊಂಡಿರ್ತೀನಿ. ಮಂಡಿ ಬಗ್ಗಿಸಿ ಕೆಳಗೆ ಹೋಗಿ, ತಲೆ ಎತ್ತಿ ನೋಡಿ, ಮೇಲೆ ಬನ್ನಿ. ಎರಡು ಎಣಿಸೋವಷ್ಟು ಹೊತ್ತು."

ಮೂರು ಸಲ ಗಲ್ಲದವರೆಗೆ ಹೋಗಿ ವಾಪಸ್ ಬಂದೆ. ನಾಲ್ಕನೇ ಸಲ ಹೋದೆ.

ಒಳಗೆ ಸದ್ದೆಲ್ಲ ನಿಂತುಹೋಯಿತು. ತಲೆ ಎತ್ತಿದೆ. ಮೇಲೆ ದುಂಡನೆಯ ಒಂದು ಬೆಳಕಿನ ಕಿಟಕಿ. ಅದರೊಳಗೆ ಆ ಹುಡುಗಿಯ ಮುಖ ಅಲುಗಾಡುತ್ತಿತ್ತು, ಕಂಬಿ ಹಿಡಿದ ನನ್ನದೇ ಕೈ ಇತ್ತು, ಛಾವಣಿಯ ಒಂದು ತುಂಡು ಇತ್ತು. ಬೆಳಕು ನೀರಿಗೆ ಬರುವಾಗ ಬಾಗುವುದರಿಂದ ಮೇಲಿನ ಲೋಕವೆಲ್ಲ ಒಂದು ವೃತ್ತದೊಳಗೆ ಸೇರಿಕೊಂಡ ಹಾಗೆ ಕಾಣುತ್ತೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಅವತ್ತು ಗೊತ್ತಾಗಿದ್ದು ಒಂದೇ. ಒಳಗಿನಿಂದ ನೋಡಿದರೆ ನೀರು ಮುಚ್ಚಿರಲ್ಲ. ತೆರೆದೇ ಇರುತ್ತೆ.

ಮೇಲೆ ಬಂದು ಅತ್ತೆ. ಪಕ್ಕದಲ್ಲಿದ್ದ ಹೆಂಗಸರು ನೀರು ಕುಡಿದಳೇನೋ ಅಂದುಕೊಂಡು ಬೆನ್ನು ತಟ್ಟಿದರು.

ಅವತ್ತಿನಿಂದ ಎಲ್ಲ ಸರಾಗವಾಯಿತು ಅಂತ ಬರೆದರೆ ಸುಳ್ಳಾಗುತ್ತೆ. ಹನ್ನೊಂದನೇ ದಿನ ಅಂಗಾತ ತೇಲುವುದನ್ನ ಕಲಿಯುವಾಗ ಕಿವಿಗೆ ನೀರು ನುಗ್ಗಿತು. ಗಾಬರಿಯಾಗಿ ಪಕ್ಕದವರ ಕತ್ತು ಹಿಡಿದುಬಿಟ್ಟೆ. ಅವರಿಗೂ ಉಸಿರು ಸಿಕ್ಕಿಕೊಂಡಿತು. ಮೂರು ದಿನ ಹೋಗಲಿಲ್ಲ. ಆ ಮೂರು ದಿನ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ನಡೆದೆ. ಹಿಂದೆಲ್ಲ ಕೆರೆ ಕಡೆ ನೋಡದೆ ಮರಗಳ ಕಡೆ ಮುಖ ಮಾಡಿ ನಡೆಯುತ್ತಿದ್ದವಳು, ಈ ಸಲ ನೀರಿನ ಕಡೆಗೇ ನೋಡಿಕೊಂಡು ನಡೆದೆ. ಅದನ್ನ ಗಮನಿಸಿದ್ದು ಎರಡನೇ ದಿನ. ಭಯ ಹಾಗೇ ಇತ್ತು, ಆದರೆ ಕಣ್ಣು ಅದರ ಮಾತು ಕೇಳೋದನ್ನ ಬಿಟ್ಟಿತ್ತು.

ಈ ಬಗ್ಗೆ ಆಮೇಲೆ ಸ್ವಲ್ಪ ಓದಿದೆ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಜೊತೆಗಾರರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಕೋಪ, ಭಯ ತುಂಬಿದ ಮುಖಗಳನ್ನ ಜನರಿಗೆ ತೋರಿಸಿ ಮೆದುಳಿನ ಸ್ಕ್ಯಾನ್ ಮಾಡಿದರು. ಆ ಭಾವನೆಗೆ ಒಂದು ಹೆಸರು ಕೊಟ್ಟಾಗ, ಮೆದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಅನ್ನೋ ಭಾಗದ ಚಟುವಟಿಕೆ ತಗ್ಗಿತು. ಓದುತ್ತಾ ನನಗೆ ಐದನೇ ದಿನದ ಆ ಪ್ರಶ್ನೆಯೇ ನೆನಪಾಯಿತು. ಇನ್ನೊಂದು ವಿಷಯ, ಹಳೇ ಭಯದ ನೆನಪು ಅಳಿಸಿ ಹೋಗಲ್ಲವಂತೆ. ಪಕ್ಕದಲ್ಲಿ ಹೊಸ ನೆನಪು ಬೆಳೆಯುತ್ತೆ, ದಿನಾ ನೀರೆರೆದರೆ ಅದು ಗಟ್ಟಿಯಾಗುತ್ತೆ, ಬಿಟ್ಟರೆ ಹಳೇದು ಮತ್ತೆ ತಲೆ ಎತ್ತುತ್ತೆ. ಹನ್ನೊಂದನೇ ದಿನ ಆಗಿದ್ದು ಅದೇ. ನಾನು ಸೋತಿದ್ದಲ್ಲ.

ಮನಸ್ಸಿದ್ದರೆ ಎಲ್ಲ ಆಗುತ್ತೆ ಅನ್ನೋದನ್ನ ಮಾತ್ರ ನಾನು ಪೂರ್ತಿ ಒಪ್ಪಲ್ಲ. ಬುದ್ಧಿ ಅನ್ನೋದು ಬೆಳೆಸಿಕೊಳ್ಳಬಹುದಾದದ್ದು ಅಂತ ಅಮೆರಿಕದಲ್ಲಿ ಸುಮಾರು 12,000 ಮಕ್ಕಳಿಗೆ ಹೇಳಿಕೊಟ್ಟು ನೋಡಿದ ದೊಡ್ಡ ಅಧ್ಯಯನ 2019ರಲ್ಲಿ ಬಂತು. ಹಿಂದೆ ಬಿದ್ದಿದ್ದ ಮಕ್ಕಳ ಅಂಕ ಏರಿತು, ಆದರೆ ಸ್ವಲ್ಪ. ಅದೂ ಕಷ್ಟದ ಕೆಲಸಕ್ಕೆ ಕೈ ಹಾಕೋದನ್ನ ಜೊತೆಯ ಮಕ್ಕಳು ಮೆಚ್ಚುವ ಕಡೆ ಹೆಚ್ಚು ಕೆಲಸ ಮಾಡಿತು. ನನಗೆ ಇದು ಚೆನ್ನಾಗಿ ಅರ್ಥವಾಗುತ್ತೆ. ನಾನು ಒಬ್ಬಳೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದರೆ ನಾಲ್ಕನೇ ದಿನಕ್ಕೇ ಮನೆಗೆ ಬಂದಿರುತ್ತಿದ್ದೆ. ಕೈ ಹಿಡಿದ ಹುಡುಗಿ ಇದ್ದಳು. ಕತ್ತು ಹಿಡಿಸಿಕೊಂಡವರು ಮೂರನೇ ದಿನ ಫೋನ್ ಮಾಡಿ, "ನಾಳೆ ಬನ್ನಿ, ನಾನು ನಿಮ್ಮ ಪಕ್ಕಾನೇ ಇರ್ತೀನಿ" ಅಂದರು. ಅವರು ಹಾಗೆ ಅನ್ನದೇ ಇದ್ದಿದ್ದರೆ? ನನಗೆ ಯೋಚಿಸೋಕೂ ಇಷ್ಟವಿಲ್ಲ.

ಹದಿನೇಳನೇ ದಿನ ತೇಲಿದೆ. ಶ್ವಾಸಕೋಶದ ತುಂಬ ಗಾಳಿ ಇದ್ದರೆ ನಮ್ಮ ಮೈ ನೀರಿಗಿಂತ ಒಂಚೂರು ಹಗುರ. ಹೆದರಿದಾಗ ಉಸಿರು ಚಿಕ್ಕದಾಗುತ್ತೆ, ಮೈ ಮರಗಟ್ಟುತ್ತೆ, ನಾಲ್ಕೈದು ಕೆ.ಜಿ. ತೂಗುವ ತಲೆಯನ್ನ ನೀರಿನಿಂದ ಮೇಲೆ ಎತ್ತುತ್ತೇವೆ, ಆಗ ಸೊಂಟ, ಕಾಲು ಕೆಳಗೆ ಹೋಗುತ್ತವೆ. ಮುಳುಗಬಾರದು ಅಂತ ಮಾಡೋದೇ ಮುಳುಗಿಸುತ್ತೆ. ಊರಲ್ಲಿ ಗಂಡುಹುಡುಗರ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಬಾವಿಗೆ ಬಿಡುತ್ತಿದ್ದರಲ್ಲ, ಬುರುಡೆ ಎತ್ತಿ ಹಿಡಿದಿದ್ದಕ್ಕಿಂತ ಬುರುಡೆ ಇದೆ ಅನ್ನೋ ನೆಮ್ಮದಿಗೆ ಮೈ ಸಡಿಲ ಬಿಟ್ಟು ಅವರು ಬೇಗ ಕಲಿಯುತ್ತಿದ್ದರು ಅಂತ ನನಗೆ ಈಗ ಅನ್ನಿಸುತ್ತೆ.

ನಾಲೆಗೆ ನಾನು ಇಳಿಯಲ್ಲ. ಕೊಳದಲ್ಲಿ ಕಲಿತವರು ಯಾರೂ ಆ ಧೈರ್ಯದಲ್ಲಿ ನಾಲೆಗೆ ಇಳಿಯಬೇಡಿ. ನನ್ನ ಭಯ ಆ ನಾಲೆ ಬಗ್ಗೆ ಹೇಳಿದ್ದು ನಿಜವೇ. ಮಿಕ್ಕ ಎಲ್ಲದಕ್ಕೂ ಅದನ್ನೇ ಹೇಳುತ್ತಾ ಬಂತು, ಅಲ್ಲೇ ತಪ್ಪಾಗಿದ್ದು. ಜುಲೈನಲ್ಲಿ ಪ್ರಮೋಷನ್ ಪರೀಕ್ಷೆಗೆ ಅರ್ಜಿ ಹಾಕಿದೆ. ಫಲಿತಾಂಶ ಇನ್ನೂ ಬಂದಿಲ್ಲ.

ಡಿಸೆಂಬರ್‌ನಲ್ಲಿ ಅವ್ವ ಕಣ್ಣು ತೋರಿಸೋಕೆ ಮೈಸೂರಿಗೆ ಬಂದಿದ್ದಳು. ನಾನೂ ಬರ್ತೀನಿ ಅಂತ ಹಟ ಮಾಡಿ ಕೊಳಕ್ಕೆ ಬಂದು, ಮೆಟ್ಟಿಲ ಮೇಲೆ ಬ್ಯಾಗು ತೊಡೆ ಮೇಲಿಟ್ಟುಕೊಂಡು ಕೂತಳು. ನಾನು ತಲೆ ಒಳಗೆ ಹಾಕಿ ಈ ತುದಿಯಿಂದ ಆ ತುದಿಗೆ ಹೋಗಿ ಎದ್ದು ನೋಡಿದರೆ ಅವ್ವ ಎದ್ದು ನಿಂತಿದ್ದಾಳೆ. ಸೆರಗಿನ ತುದಿ ಬಾಯಲ್ಲಿದೆ. ಬ್ಯಾಗು ಕೆಳಗೆ ಬಿದ್ದಿದೆ. ನಾನು ಕೈ ಎತ್ತಿದೆ. ಅವಳು ಕೂರಲಿಲ್ಲ. ನಾನು ಮುಗಿಸಿ ಮೇಲೆ ಬರುವವರೆಗೂ ನಿಂತೇ ಇದ್ದಳು.

ಆಟೋದಲ್ಲಿ ಮನೆಗೆ ಬರುವಾಗ ಅವ್ವ ಅವನ ಹೆಸರು ಹೇಳಿದಳು. 35 ವರ್ಷದಲ್ಲಿ ಮೊದಲ ಸಲ. ಆಮೇಲೆ ಆಚೆ ನೋಡುತ್ತಾ ಅಂದಳು, "ನಿಮ್ಮಪ್ಪ ಆ ವರ್ಸ ಸೋರೆಬುರುಡೆ ಕಟ್ಟಿ ಬಾವೀಲಿ ಈಜು ಕಲಿಸ್ತೀನಿ ಅಂದಿದ್ರು ಕಣವ್ವ ಅವ್ನಿಗೆ. ನಾಟಿ ಕೆಲ್ಸ ಅಂತ ಆಗ್ನಿಲ್ಲ."

ನಾನು ಅವಳ ಕೈ ಹಿಡಿದುಕೊಂಡೆ. ಕುವೆಂಪುನಗರ ಬರುವವರೆಗೆ ಇಬ್ಬರೂ ಮಾತಾಡಲಿಲ್ಲ. ಆಟೋ ಇಳಿಯುವಾಗ ಅವ್ವ ಕೇಳಿದಳು, "ನಿನ್ ತಮ್ಮನ ಮಕ್ಕಳ್ನ ಬ್ಯಾಸ್ಗೆ ರಜಕ್ಕೆ ಕಳಿಸ್ಲಾ?"

"ಕಳಿಸವ್ವ" ಅಂದೆ.

ಏಪ್ರಿಲ್‌ನಲ್ಲಿ ಬರುತ್ತಾರೆ. ದೊಡ್ಡವಳಿಗೆ 11, ಚಿಕ್ಕವನಿಗೆ 8. ಫೀಸು ಕಟ್ಟಿ ರಸೀದಿ ತಂದಿಟ್ಟಿದ್ದೇನೆ. ಗಾಗಲ್ಸ್ ಅಳತೆ ಗೊತ್ತಾಗಲಿಲ್ಲ. ಮಕ್ಕಳು ಬಂದ ಮೇಲೆ ಅಂಗಡಿಗೆ ಕರೆದುಕೊಂಡು ಹೋಗಿ ಹಾಕಿಸಿ ನೋಡಿ ತಗೋಬೇಕು.