ಟುಲಿಪ್ ಬಿಡಿ, ಸೆಪ್ಟೆಂಬರ್‌ನಲ್ಲಿ ಬನ್ನಿ

ನೆದರ್‌ಲ್ಯಾಂಡ್ಸ್‌ಗೆ ಬರ್ತೀವಿ ಅಂತ ಊರಿಂದ ಯಾರೇ ಫೋನ್ ಮಾಡಿದರೂ ಮೊದಲು ಕೇಳುವುದು ಟುಲಿಪ್ ಬಗ್ಗೆ. ತಪ್ಪೇನಿಲ್ಲ ಬಿಡಿ. ಆದರೆ ಕ್ಯೂಕೆನ್‌ಹಾಫ್ ತೋಟ ತೆರೆದಿರುವುದು ಮಾರ್ಚ್ ಮೂರನೇ ವಾರದಿಂದ ಮೇ ಎರಡನೇ ವಾರದವರೆಗೆ ಮಾತ್ರ. ಅಷ್ಟು ದಿನ ಅಲ್ಲಿ ಹೂವಿಗಿಂತ ಸೆಲ್ಫಿ ಕಡ್ಡಿಗಳೇ ಜಾಸ್ತಿ ಕಾಣುತ್ತವೆ. ಹೋಟೆಲ್ ಬಾಡಿಗೆಯೂ ಕೇಳುವ ಹಾಗಿರಲ್ಲ. ಅದಕ್ಕೇ 2026ರಲ್ಲಿ ಬರುವವರಿಗೆಲ್ಲ ನಾನು ಹೇಳ್ತಿರೋದು ಸೆಪ್ಟೆಂಬರ್‌ನಲ್ಲಿ ಬನ್ನಿ ಅಂತ. ಬಂದು ಆಮ್‌ಸ್ಟರ್‌ಡ್ಯಾಮಿನಲ್ಲಿ ಉಳಿಯಬೇಡಿ, ದಕ್ಷಿಣಕ್ಕೆ ಬನ್ನಿ, ನಮ್ಮ ಬ್ರಾಬಾಂಟ್ ಕಡೆಗೆ.

ಇದಕ್ಕೆ ನೆಪ ಗಾಲ್ಫ್. ನಗಬೇಡಿ. ಸೆಪ್ಟೆಂಬರ್ 11ರಿಂದ 13ರವರೆಗೆ, ಶುಕ್ರವಾರದಿಂದ ಭಾನುವಾರ, ಇಲ್ಲಿ ಸೋಲ್‌ಹೈಮ್ ಕಪ್ ನಡೆಯುತ್ತದೆ. ಅಮೆರಿಕದ 12 ಹೆಣ್ಣುಮಕ್ಕಳು ಒಂದು ಕಡೆ, ಯೂರೋಪಿನ 12 ಹೆಣ್ಣುಮಕ್ಕಳು ಇನ್ನೊಂದು ಕಡೆ. 1990ರಲ್ಲಿ ಶುರುವಾದ ಈ ಕಪ್ ನೆದರ್‌ಲ್ಯಾಂಡ್ಸ್‌ಗೆ ಬರುತ್ತಿರುವುದು ಇದೇ ಮೊದಲು. ಜಾಗ ಬರ್ನಾರ್ಡಸ್ ಗಾಲ್ಫ್ ಮೈದಾನ, ಕ್ರೋಮ್‌ಫೋರ್ಟ್ ಅನ್ನೋ ಪುಟ್ಟ ಹಳ್ಳಿಯಲ್ಲಿ. ಡೆನ್ ಬಾಸ್ ಪಟ್ಟಣದಿಂದ ಏಳೆಂಟು ಕಿಲೋಮೀಟರ್ ಅಷ್ಟೇ. ಪಟ್ಟಣದ ಪೂರ್ತಿ ಹೆಸರು ಸ್-ಹೆರ್ತೋಗೆನ್‌ಬಾಸ್ ಅಂತ, ಆದರೆ ಇಲ್ಲಿಯವರೇ ಅಷ್ಟುದ್ದ ಹೇಳಲ್ಲ.

ನಮ್ಮ ಮನೆಗೆ ಬರ್ತಿರೋ ತಂಡದ ಕಥೆ ಕೇಳಿ. ಭಾವನಿಗೆ ಗಾಲ್ಫ್ ಹುಚ್ಚು. ಬೆಂಗಳೂರಿನಲ್ಲಿ ಭಾನುವಾರ ಬೆಳಕು ಹರಿಯೋ ಮೊದಲೇ ಬ್ಯಾಗ್ ಹೊತ್ತು ಹೊರಡುವ ಆಸಾಮಿ. ಅಕ್ಕನಿಗೆ ಗಾಲ್ಫ್ ಅಂದರೆ ಆಗಲ್ಲ. ಅಮ್ಮನಿಗೆ ಅದಿತಿ ಅಶೋಕ್ ಇದ್ದರೆ ಮಾತ್ರ ಗಾಲ್ಫ್. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಹುಡುಗಿ ಒಂದೇ ಒಂದು ಹೊಡೆತದಲ್ಲಿ ಪದಕ ಕಳೆದುಕೊಂಡು ನಾಲ್ಕನೆಯವಳಾದಳಲ್ಲ, ಅವತ್ತು ನಸುಕಿನಲ್ಲೇ ಎದ್ದು ಟಿವಿ ಮುಂದೆ ಕೂತವರಲ್ಲಿ ಅಮ್ಮನೂ ಒಬ್ಬರು. 'ಅದಿತಿ ಆಡ್ತಾಳಾ?' ಅಂತ ಮೊದಲೇ ಕೇಳಿದರು. ಇಲ್ಲ, ಇದು ಅಮೆರಿಕ ಮತ್ತು ಯೂರೋಪಿನವರಿಗೆ ಮಾತ್ರ. ಕೊರಿಯಾ, ಜಪಾನ್, ಥಾಯ್ಲೆಂಡಿನ ಆಟಗಾರ್ತಿಯರು ಮಹಿಳಾ ಗಾಲ್ಫನ್ನೇ ಆಳುತ್ತಿರುವ ಕಾಲದಲ್ಲಿ ಅವರ್ಯಾರಿಗೂ ಇಲ್ಲಿ ಜಾಗವಿಲ್ಲ ಅನ್ನೋದು ನನಗಂತೂ ವಿಚಿತ್ರ ಅನಿಸುತ್ತೆ. ಅವತ್ತು ಟೋಕಿಯೊದಲ್ಲಿ ಚಿನ್ನ ಗೆದ್ದವಳು ಅಮೆರಿಕದ ನೆಲ್ಲಿ ಕೋರ್ಡಾ ಅಂತ ಬಾಯ್ತಪ್ಪಿಯೂ ಅಮ್ಮನ ಮುಂದೆ ಹೇಳಬೇಡ ಅಂತ ಭಾವನಿಗೆ ಹೇಳಿಟ್ಟಿದ್ದೇನೆ. ಹೇಳಿದರೆ ಅಮ್ಮ ಯೂರೋಪ್ ಪಕ್ಷ ಸೇರೋದು ಖಚಿತ.

ಟಿವಿಯಲ್ಲಿ ಗಾಲ್ಫ್ ನೋಡಿದವರಿಗೆ ಮೈದಾನದ ಗಾಲ್ಫ್ ಗೊತ್ತಾಗಲ್ಲ. 2023ರಲ್ಲಿ ಇದೇ ಬರ್ನಾರ್ಡಸ್‌ನಲ್ಲಿ ಗಂಡಸರ ಡಚ್ ಓಪನ್ ನಡೆದಾಗ ಹೋಗಿದ್ದೆ, ಸ್ಪೇನಿನ ಪಾಬ್ಲೊ ಲಾರಾಸಾಬಲ್ ಗೆದ್ದ ವರ್ಷ. ಸ್ಕಾಟ್ಲೆಂಡಿನ ಕಿಂಗ್ಸ್‌ಬಾರ್ನ್ಸ್ ಮೈದಾನ ಮಾಡಿದ ಕೈಲ್ ಫಿಲಿಪ್ಸ್ ಅವರೇ ಇದನ್ನೂ ವಿನ್ಯಾಸ ಮಾಡಿದ್ದು. ತೆರೆದದ್ದು 2018ರಲ್ಲಿ, ಅಂದರೆ ಮೈದಾನ ಇನ್ನೂ ಎಳೆಯದು. ಅಂಚಿನುದ್ದಕ್ಕೂ ಒಣಗಿ ಹೊಂಬಣ್ಣಕ್ಕೆ ತಿರುಗಿದ ಉದ್ದ ಹುಲ್ಲು. ಹಗ್ಗದ ಪಕ್ಕ ನಿಂತಾಗ ಮೊದಲು ಹಿಡಿಸಿದ್ದು ಸದ್ದು. ಚೆಂಡಿಗೆ ಏಟು ಬಿದ್ದಾಗ ಟಿವಿಯಲ್ಲಿ ಕೇಳೋ ಟಿಕ್ ಅಲ್ಲ ಅದು, ಚಾಟಿ ಬೀಸಿದ ಹಾಗಿರುತ್ತೆ, ಆಮೇಲೆ ಚೆಂಡು ಎಲ್ಲಿ ಹೋಯಿತು ಅಂತ ನಮಗೆ ಕಾಣುವಷ್ಟರಲ್ಲಿ ಆಟಗಾರ ಚೆಂಡು ಕೂರಿಸಿದ್ದ ಪುಟ್ಟ ಗೂಟ ಎತ್ತಿಕೊಂಡು ನಡೆದುಬಿಟ್ಟಿರುತ್ತಾನೆ. ಸ್ವಯಂಸೇವಕರು ಕೈ ಮೇಲೆತ್ತಿದರೆ ಸಾವಿರಾರು ಜನ ಗಪ್‌ಚುಪ್. ಎಲ್ಲೋ ಒಂದು ಫೋನ್ ಗುಂಯ್ ಅಂದರೂ ನೂರು ತಲೆ ತಿರುಗುತ್ತವೆ.

ಸೋಲ್‌ಹೈಮ್ ಕಪ್ ಮಾತ್ರ ಇಷ್ಟು ಸಭ್ಯ ಅಲ್ಲ. ಆಟ ಶುರುವಾಗುವ ಮೊದಲ ಟೀ ಪಕ್ಕದ ಗ್ಯಾಲರಿಯಲ್ಲಿ ಹಾಡು, ಮುಖಕ್ಕೆ ಬಣ್ಣ, ಬಾವುಟ ಎಲ್ಲ ಇರುತ್ತೆ. ಅಕ್ಕನಿಗೆ ಗಾಲ್ಫ್ ಹಿಡಿಸುವ ಸಾಧ್ಯತೆ ಏನಾದರೂ ಇದ್ದರೆ ಅಲ್ಲೇ. ಆಟವೂ ಬೇರೆ ಥರ. ಒಟ್ಟು ಎಷ್ಟು ಹೊಡೆತ ಅನ್ನೋ ಲೆಕ್ಕ ಇಲ್ಲ, ಒಂದೊಂದು ಕುಳಿಗೂ ಗೆಲುವು ಸೋಲು. ಶುಕ್ರವಾರ, ಶನಿವಾರ ಇಬ್ಬಿಬ್ಬರ ಜೋಡಿ. ಒಂದು ಸರದಿಯಲ್ಲಿ ಜೋಡಿಗೆ ಒಂದೇ ಚೆಂಡು, ಇಬ್ಬರೂ ಬದಲಾಯಿಸಿ ಬದಲಾಯಿಸಿ ಹೊಡೆಯಬೇಕು. ಇನ್ನೊಂದು ಸರದಿಯಲ್ಲಿ ಇಬ್ಬರಿಗೂ ಅವರವರ ಚೆಂಡು, ಇಬ್ಬರಲ್ಲಿ ಯಾರದು ಚೆನ್ನಾಗಿ ಬಂತೋ ಅದು ಲೆಕ್ಕ. ಭಾನುವಾರ 12 ಜನರೂ ಒಬ್ಬರಿಗೊಬ್ಬರು. ಪಂದ್ಯಕ್ಕೊಂದರಂತೆ ಒಟ್ಟು 28 ಅಂಕ. 14-14 ಆದರೆ ಕಪ್ ಯಾರ ಬಳಿ ಇತ್ತೋ ಅವರಲ್ಲೇ ಉಳಿಯುತ್ತೆ, 2023ರಲ್ಲಿ ಸ್ಪೇನಿನಲ್ಲಿ ಹಾಗೇ ಆಗಿ ಯೂರೋಪ್ ಉಳಿಸಿಕೊಂಡಿತು. ಮರುವರ್ಷ ಅಮೆರಿಕ ವಾಪಸ್ ಕಿತ್ತುಕೊಂಡಿತು. ಈ ಸಲ ನಾಯಕಿಯರು ಯೂರೋಪಿಗೆ ಸ್ವೀಡನ್ನಿನ ಆನಾ ನೂರ್ಡ್‌ಕ್ವಿಸ್ಟ್, ಅಮೆರಿಕಕ್ಕೆ ಏಂಜೆಲಾ ಸ್ಟ್ಯಾನ್‌ಫರ್ಡ್.

ನೋಡಲು ಹೋಗುವವರಿಗೆ ಮುಖ್ಯವಾದ ವಿಷಯ ಇದರಲ್ಲೇ ಇದೆ. ಮೊದಲೆರಡು ದಿನ ಒಂದು ಸರದಿಗೆ ನಾಲ್ಕೇ ಪಂದ್ಯ. ಅಷ್ಟೂ ಜನ ಆ ನಾಲ್ಕು ಗುಂಪುಗಳ ಹಿಂದೆಯೇ ಹರಿಯುತ್ತಾರೆ. ಹಿಂದೆ ಹಿಂದೆ ಹೋದರೆ ನಿಮಗೆ ಕಾಣೋದು ಮುಂದಿನವರ ಬೆನ್ನು ಮಾತ್ರ. ಒಂದೆರಡು ಕುಳಿ ಮುಂದಕ್ಕೆ ಹೋಗಿ, ಗ್ರೀನ್, ಅಂದರೆ ಕುಳಿ ಸುತ್ತಲಿನ ನುಣುಪು ಹುಲ್ಲಿನ ಪಕ್ಕದ ದಿಬ್ಬದಲ್ಲಿ ಜಾಗ ಹಿಡಿದು ಕೂತುಬಿಡಿ, ನಾಲ್ಕೂ ಗುಂಪು ನಿಮ್ಮ ಮುಂದೆಯೇ ಹಾದುಹೋಗುತ್ತವೆ. ಕೊನೆಯ, ಅಂದರೆ ಹದಿನೆಂಟನೇ ಕುಳಿಯ ಹತ್ತಿರ ಬೆಳಿಗ್ಗೆಯಿಂದ ಕೂರೋದು ಮಾತ್ರ ಬೇಡ. ಉಳಿದ ಕುಳಿಗಳಿಗಿಂತ ಮುನ್ನಡೆ ಜಾಸ್ತಿಯಾದರೆ ಆಟ ಅಲ್ಲಿಗೇ ನಿಲ್ಲುತ್ತೆ, ಎಷ್ಟೋ ಪಂದ್ಯ ಹದಿನಾಲ್ಕು, ಹದಿನೈದರಲ್ಲೇ ಮುಗಿದುಹೋಗುತ್ತವೆ, ಅಲ್ಲಿವರೆಗೆ ಬರೋದೇ ಇಲ್ಲ. ಒಂದೇ ದಿನ ಹೋಗೋದಾದರೆ ಭಾನುವಾರ ಹೋಗಿ, 12 ಪಂದ್ಯ ಒಟ್ಟಿಗೆ ಮೈದಾನದ ತುಂಬ ಹರಡಿಕೊಂಡಿರುತ್ತವೆ.

ಈಗ ಅಕ್ಕ, ಅಮ್ಮನ ಪಾಲು. ನಿಜ ಹೇಳಬೇಕಂದರೆ ಕಪ್ ಒಂದಕ್ಕೇ ನಾನು ಇಷ್ಟು ಒತ್ತಾಯ ಮಾಡ್ತಿರಲಿಲ್ಲ. ಅದರ ಆಚೀಚೆ ಬಿದ್ದಿರೋ ತಾರೀಖುಗಳನ್ನು ನೋಡಿ.

ಸೆಪ್ಟೆಂಬರ್ ಮೊದಲ ಭಾನುವಾರ, ಈ ಸಲ 6ನೇ ತಾರೀಖು, ಜುಂಡರ್ಟ್‌ನಲ್ಲಿ ಡೇಲಿಯಾ ಹೂಗಳ ಮೆರವಣಿಗೆ. ವ್ಯಾನ್ ಗೋ ಹುಟ್ಟಿದ ಊರು ಅದು. ಊರಿನ ಒಂದೊಂದು ಕೇರಿಯವರೂ ಒಂದೊಂದು ರಥ ಕಟ್ಟುತ್ತಾರೆ. ರಥ ಅಂದರೆ ಎರಡು ಮಹಡಿ ಎತ್ತರದ್ದು, ಪೂರ್ತಿ ಡೇಲಿಯಾ, ಲಕ್ಷಗಟ್ಟಲೆ ಹೂವು. ಹತ್ತಿರ ಹೋಗಿ ನೋಡಿದರೆ ರಥದ ಮೇಲಿನ ಪ್ರಾಣಿಯ ಚರ್ಮದ ಒಂದು ಸುಕ್ಕಿನಲ್ಲೇ ನಾಲ್ಕೈದು ಛಾಯೆಯ ಹೂ ಬೇರೆ ಬೇರೆ ಸಾಲಿನಲ್ಲಿ ಕೂತಿರುತ್ತೆ. ಇಂಜಿನ್ ಇಲ್ಲ. ಒಳಗೆ ಹತ್ತಾರು ಜನ ಬಗ್ಗಿ ನಿಂತು ತಳ್ಳುತ್ತಾರೆ, ಕೆಳಗೆ ಅವರ ಬೂಟು ಮಾತ್ರ ಕಾಣುತ್ತೆ. ಕೊನೆಯ ಮೂರು ದಿನ ಹಗಲು ರಾತ್ರಿ ಅಜ್ಜಿಯರಿಂದ ಹಿಡಿದು ಶಾಲೆ ಮಕ್ಕಳವರೆಗೆ ಎಲ್ಲರೂ ಹೂ ಅಂಟಿಸುತ್ತಾರೆ, ಮೊಳೆ ಹೊಡೆಯುತ್ತಾರೆ. ಯಾರಿಗೂ ಸಂಬಳ ಇಲ್ಲ. ಈ ದೇಶದ ಹೂವಿನ ಮೆರವಣಿಗೆಗಳನ್ನು ಯುನೆಸ್ಕೊ 2021ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಬೇಲಿ ಹಾಕಿದ ತೋಟದ ಟುಲಿಪ್‌ಗಿಂತ ಇದು ನನಗೆ ಸಾವಿರ ಪಾಲು ಇಷ್ಟ. ಜುಂಡರ್ಟ್‌ಗೆ ರೈಲಿಲ್ಲ, ಬ್ರೆಡಾ ತನಕ ರೈಲು, ಅಲ್ಲಿಂದ ಬಸ್. ಟಿಕೆಟ್ ಬೇಕಾಗುತ್ತೆ, ಮೊದಲೇ ಕೊಂಡಿಟ್ಟುಕೊಳ್ಳಿ.

ಕಪ್ ನಡೆಯುವ ಶನಿವಾರ ಭಾನುವಾರವೇ ದೇಶದ ತುಂಬ ಸ್ಮಾರಕಗಳ ಹಬ್ಬ. ಸೆಪ್ಟೆಂಬರ್ ಎರಡನೇ ವಾರಾಂತ್ಯದಲ್ಲಿ ಪ್ರತಿವರ್ಷ ಮಾಡುತ್ತಾರೆ. ಉಳಿದ ದಿನ ಬೀಗ ಹಾಕಿರೋ ಹಳೆ ಮನೆ, ಗಿರಣಿ, ಚರ್ಚ್ ಗೋಪುರ ಎಲ್ಲ ತೆರೆದಿಡುತ್ತಾರೆ, ಬಹುತೇಕ ಕಡೆ ದುಡ್ಡಿಲ್ಲ. ಭಾವನನ್ನು ಕ್ರೋಮ್‌ಫೋರ್ಟ್ ಬಸ್ಸಿಗೆ ಹತ್ತಿಸಿ ನಾವು ಡೆನ್ ಬಾಸ್ ಸುತ್ತೋದು ಅಂತ ತೀರ್ಮಾನ ಆಗಿದೆ.

ಆ ಪಟ್ಟಣಕ್ಕೇ ಒಂದು ದಿನ ಕೊಡಿ. ಬಿನ್ನೆನ್‌ಡೀಜೆ ಅಂತ ಒಂದು ಹೊಳೆ ಊರೊಳಗೇ ಹರಿಯುತ್ತೆ, ಅದೂ ಮನೆಗಳ ಅಡಿಯಲ್ಲಿ. ಜಾಗ ಸಾಲದೆ ಹಳೆಯ ಕಾಲದವರು ಹೊಳೆ ಮೇಲೆಯೇ ಕಮಾನು ಕಟ್ಟಿ ಮನೆ ಏರಿಸಿದ್ದಾರೆ. ತೆರೆದ ದೋಣಿಯಲ್ಲಿ ಕರೆದುಕೊಂಡು ಹೋಗ್ತಾರೆ. ಒಳಗೆ ಹೋದ ಕೂಡಲೇ ತಂಪು, ಪಾಚಿ ವಾಸನೆ, ತಲೆ ಮೇಲೆ ಕೈಗೆಟುಕೋ ಇಟ್ಟಿಗೆ, ಅಲ್ಲಲ್ಲಿ ಹಳೆಯ ಶೌಚದ ತೂತು ಬೇರೆ. 1960ರ ದಶಕದಲ್ಲಿ ಇದು ನಮ್ಮ ವೃಷಭಾವತಿಯ ಹಾಗೆ ಗಬ್ಬು ನಾರುತ್ತಿತ್ತು, ಮುಚ್ಚಿ ರಸ್ತೆ ಮಾಡಿಬಿಡೋಣ ಅಂತ ಹೊರಟಿದ್ದರು, ಸ್ವಲ್ಪ ಭಾಗ ಮುಚ್ಚಿಯೂ ಆಗಿತ್ತು. ಊರಿನ ಜನ ಜಗಳ ಮಾಡಿ ಉಳಿಸಿಕೊಂಡರು. ಸಿಂಟ್ ಯಾನ್ ಚರ್ಚ್ ಗೋಡೆ ಮೇಲಿನ ಕಲ್ಲಿನ ದೇವತೆಗಳ ಸಾಲಿನಲ್ಲಿ ಒಂದು ಜೀನ್ಸ್ ಹಾಕಿಕೊಂಡು ಮೊಬೈಲಿನಲ್ಲಿ ಮಾತಾಡುತ್ತಾ ನಿಂತಿದೆ, ಹುಡುಕಿ ನೋಡಿ. 2011ರಲ್ಲಿ ಇಟ್ಟಿದ್ದು. ವಿಚಿತ್ರ ಪ್ರಾಣಿಗಳ ಚಿತ್ರಕಾರ ಹಿರೋನಿಮಸ್ ಬಾಸ್ ಈ ಊರಿನವನೇ, ಆದರೆ ಅವನ ಒಂದು ಮೂಲ ಚಿತ್ರವೂ ಊರಿನವರ ಕೈಯಲ್ಲಿ ಉಳಿದಿಲ್ಲ, ಒಂದು ಹಳೆ ಚರ್ಚಿನಲ್ಲಿ ಎಲ್ಲದರ ನಕಲು ಇಟ್ಟಿದ್ದಾರೆ.

ತಿನ್ನೋಕೆ ಬಾಸ್‌ಷೆ ಬಾಲ್. ಮುಷ್ಟಿಗಿಂತ ದೊಡ್ಡ ಉಂಡೆ, ಒಳಗೆಲ್ಲ ಕ್ರೀಮ್, ಮೇಲೆ ದಪ್ಪ ಚಾಕೊಲೇಟ್. ಉಂಡೆಯ ಹಿಟ್ಟಿನಲ್ಲಿ ಮೊಟ್ಟೆ ಇರುತ್ತೆ, ಮಡಿಯವರು ಗಮನಿಸಿ. ಅಮ್ಮನಿಗೆ ಮೈದಾನದಲ್ಲೂ ಊರಲ್ಲೂ ಗ್ಯಾರಂಟಿ ಇರೋದು ಆಲೂ ಫ್ರೈಸ್, ಚೀಸ್ ಬ್ರೆಡ್. ಸುರಿನಾಮಿನಿಂದ ಬಂದ ಹಿಂದೂಸ್ತಾನಿಗಳ ರೊಟ್ಟಿ ಅಂಗಡಿ ಕಂಡರೆ ಬಿಡಬೇಡಿ. ಅವರ ಅಲಸಂದೆ ಕಾಯಿಪಲ್ಯ ನಮ್ಮ ನಾಲಿಗೆಗೆ ಸರಿ ಹೋಗುತ್ತೆ.

ಆಮ್‌ಸ್ಟರ್‌ಡ್ಯಾಮಿಗೆ ಇಲ್ಲಿಂದ ರೈಲಿನಲ್ಲಿ ಒಂದೇ ಗಂಟೆ, ಹಗಲಲ್ಲಿ ಹತ್ತು ನಿಮಿಷಕ್ಕೊಂದು ರೈಲು. ಅದಕ್ಕೇ ಅಲ್ಲಿ ಉಳಿಯೋದು ದಂಡ ಅಂದಿದ್ದು. ಅಲ್ಲಿ ಹೋಟೆಲ್ ಬಾಡಿಗೆ ಮೇಲೆ ಶೇ 12.5 ಪ್ರವಾಸಿ ತೆರಿಗೆ ಬೇರೆ ಕಟ್ಟಬೇಕು. 2026ರ ಜನವರಿಯಿಂದ ಇಡೀ ದೇಶದಲ್ಲಿ ಹೋಟೆಲ್ ಮೇಲಿನ ವ್ಯಾಟ್ ಶೇ 9ರಿಂದ 21ಕ್ಕೆ ಏರಿದೆ. ರೈಲ್ವೆ ನಿಲ್ದಾಣದಲ್ಲಿ ಬ್ಯಾಂಕ್ ಕಾರ್ಡನ್ನೇ ಗೇಟಿಗೆ ತೋರಿಸಿ ಒಳಗೆ ಹೋಗಬಹುದು. ಇಳಿದಮೇಲೂ ಅದೇ ಕಾರ್ಡ್ ತೋರಿಸಬೇಕು, ಇಲ್ಲದಿದ್ದರೆ ಜಾಸ್ತಿ ಕತ್ತರಿಸ್ತಾರೆ.

ಆಮ್‌ಸ್ಟರ್‌ಡ್ಯಾಮಿನ ರಿಕ್ಸ್‌ ಮ್ಯೂಸಿಯಂಗೆ ಭಾವನನ್ನೂ ಎಳೆದುಕೊಂಡು ಹೋಗ್ತೀನಿ. ರೆಂಬ್ರಾಂಟ್ ನೋಡಲು ಎಲ್ಲರೂ ನುಗ್ಗುತ್ತಾರೆ. ನಾನು ತೋರಿಸಬೇಕಂದಿರೋದು ಹೆಂಡ್ರಿಕ್ ಆವರ್ಕಾಂಪ್ ಸುಮಾರು 1608ರಲ್ಲಿ ಬರೆದ ಚಳಿಗಾಲದ ಚಿತ್ರ. ಹೆಪ್ಪುಗಟ್ಟಿದ ಕಾಲುವೆ ಮೇಲೆ ಇಡೀ ಊರೇ ಇದೆ, ಜಾರುವವರು, ಬೀಳುವವರು. ಆ ಗುಂಪಿನಲ್ಲಿ ಕೋಲು ಹಿಡಿದು ಚೆಂಡು ಹೊಡೆಯೋಕೆ ನಿಂತವರೂ ಇದ್ದಾರೆ. ಗಾಲ್ಫ್ ಹುಟ್ಟಿದ್ದು ಸ್ಕಾಟ್ಲೆಂಡಲ್ಲೋ ಇಲ್ಲೋ ಅನ್ನೋ ಜಗಳ ಎರಡೂ ಕಡೆಯವರಿಗೆ ಬಿಟ್ಟಿದ್ದು, ಆದರೆ ಭಾವ ಅದರ ಮುಂದೆ ನಿಂತು ಅವರ ಹಿಡಿತ ಸರಿಯಿಲ್ಲ ಅನ್ನೋದು ಮಾತ್ರ ಗ್ಯಾರಂಟಿ.

ಗಾಳಿಗಿರಣಿಗೆ ಕಿಂಡರ್‌ಡೈಕ್ ಹೋಗಿ. 1740ರ ಆಸುಪಾಸಿನ 19 ಗಿರಣಿ, ರಾಟರ್‌ಡ್ಯಾಮಿನಿಂದ ದೋಣಿಯಲ್ಲೇ ಹೋಗಬಹುದು.

ಭಾನುವಾರ 13ಕ್ಕೆ ಕಪ್ ಮುಗಿದರೆ ಸೋಮವಾರ 14 ಗಣೇಶನ ಹಬ್ಬ. 'ಹಬ್ಬಕ್ಕೆ ಮನೇಲಿರಬೇಕು' ಅಂತ ಅಮ್ಮ ತಕರಾರು ತೆಗೆದರು, ಹಬ್ಬ ಈ ಸಲ ನಮ್ಮ ಮನೇಲೇ ಅಂದೆ. ಕಡುಬಿಗೆ ಅಕ್ಕಿಹಿಟ್ಟು ಇಲ್ಲಿ ಸಿಗುತ್ತೆ, ಅಮ್ಮ ನಂಬಲ್ಲ, ತಾವೇ ತರ್ತಾರಂತೆ. ಮಂಗಳವಾರ 15ಕ್ಕೆ ಹೇಗ್ ನಗರದಲ್ಲಿ ರಾಜ ಕುದುರೆ ಗಾಡಿಯಲ್ಲಿ ಮೆರವಣಿಗೆ ಹೊರಡುತ್ತಾನೆ. ಸಂಸತ್ತಿನ ಹೊಸ ಅಧಿವೇಶನ ವರ್ಷ ಶುರು ಮಾಡುವ ಭಾಷಣಕ್ಕೆ ಪ್ರತಿ ಸೆಪ್ಟೆಂಬರ್ ಮೂರನೇ ಮಂಗಳವಾರ ಹೀಗೇ. ಹೆಂಗಸರ ಟೋಪಿ ನೋಡೋಕೇ ಹೋಗಬೇಕು, ಕೆಲವರ ತಲೆ ಮೇಲೆ ತೋಟವೇ ಇರುತ್ತೆ. ಬುಧವಾರಕ್ಕೆ ವಾಪಸ್ ಟಿಕೆಟ್ ಮಾಡಿ, ಬೆಂಗಳೂರಿಗೆ ನೇರ ವಿಮಾನ ಇದೆ.

ವೀಸಾ ಶೆಂಗೆನ್, ದೊಡ್ಡವರಿಗೆ 90 ಯೂರೋ, ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಶಾಲೆ ರಜೆಯ ಹೊತ್ತಿಗೆ ಅಪಾಯಿಂಟ್‌ಮೆಂಟ್ ಸಿಗೋದು ಕಷ್ಟ. ಜೂನ್ ತನಕ ಕಾಯಬೇಡಿ. ಬರುವಾಗ ತೆಳ್ಳಗಿನ ರೈನ್‌ಕೋಟ್ ಇರಲಿ, ಛತ್ರಿ ಇಲ್ಲಿನ ಗಾಳಿಗೆ ನಿಲ್ಲಲ್ಲ. ನಮಗೆ ಎರಡು ಪ್ಯಾಕೆಟ್ ಬ್ಯಾಡಗಿ ಮೆಣಸಿನಕಾಯಿ.