ಗಂಡನ ಹೆಸರಿನಲ್ಲಿ ಕೂತ ಲೇಖಕಿ

ಎರವಲು ಕೌಂಟರನ್ನು ಬೇರೆಯವರಿಗೆ ಒಪ್ಪಿಸಿ, ಕ್ಯಾಟಲಾಗ್ ಶುದ್ಧ ಮಾಡಲೆಂದೇ ಒಂದು ಇಡೀ ದಿನ ತೆಗೆದಿಟ್ಟುಕೊಂಡು ಕೂತಾಗ ಮೊದಲು ತೆರೆದುಕೊಂಡ ದಾಖಲೆ ಇದು: ‘ವಾರ್ಡ್, ಹಂಫ್ರಿ, ಮಿಸೆಸ್, 1851-1920’. ಈ ಸಾಲಿನಲ್ಲಿ ಲೇಖಕಿಯ ಸ್ವಂತದ್ದು ಎನ್ನಬಹುದಾದದ್ದು ಹುಟ್ಟಿದ ವರ್ಷ ಮತ್ತು ತೀರಿಕೊಂಡ ವರ್ಷ, ಅಷ್ಟೇ. ಹಂಫ್ರಿ ಆಕೆಯ ಗಂಡ, ವಾರ್ಡ್ ಗಂಡನ ಮನೆತನ. ಈ ಇಂಗ್ಲಿಷ್ ಕಾದಂಬರಿಕಾರ್ತಿಯ ಹುಟ್ಟುಹೆಸರು ಮೇರಿ ಆಗಸ್ಟಾ ಆರ್ನಲ್ಡ್.

ಕ್ಯಾಟಲಾಗ್ ಮಾಡಿದವರು ಕಣ್ತಪ್ಪಿನಿಂದ ಹೀಗೆ ಬರೆದದ್ದಲ್ಲ. ಪುಸ್ತಕಗಳ ಶೀರ್ಷಿಕೆ ಪುಟದಲ್ಲಿ ‘ಮಿಸೆಸ್ ಹಂಫ್ರಿ ವಾರ್ಡ್’ ಎಂದೇ ಅಚ್ಚಾಗಿದೆ. ಲೇಖಕರು ಯಾವ ಹೆಸರಿನಿಂದ ಪರಿಚಿತರೋ ಅದನ್ನೇ ಮುಖ್ಯ ನಮೂದಾಗಿ ಹಿಡಿಯಬೇಕು ಎನ್ನುತ್ತದೆ ನಿಯಮ. ಕ್ಯಾಟಲಾಗ್ ದಾಖಲೆಯಲ್ಲಿ ಒಂದೊಂದು ಬಗೆಯ ಮಾಹಿತಿಗೂ ಅಂಕಿ ಹಾಕಿದ ಒಂದೊಂದು ಜಾಗ, ಅಂದರೆ ಫೀಲ್ಡು, ಇರುತ್ತದೆ. ಹಾಗಾಗಿ ಲೇಖಕರ ಮುಖ್ಯ ನಮೂದಿನ 100ನೇ ಫೀಲ್ಡನ್ನು ಮುಟ್ಟುವಂತಿಲ್ಲ. ನಮ್ಮ ಕೈಯಲ್ಲಿ ಇರುವುದು 400ನೇ ಫೀಲ್ಡು, ಅಂದರೆ ‘ಈ ಹೆಸರಿನಲ್ಲಿ ಹುಡುಕಿದರೆ ಅಲ್ಲಿ ನೋಡಿ’ ಎಂದು ದಾರಿ ತೋರುವ ಜಾಗ. ಅಲ್ಲಿ ‘ವಾರ್ಡ್, ಮೇರಿ ಆಗಸ್ಟಾ’ ಒಂದು, ‘ಆರ್ನಲ್ಡ್, ಮೇರಿ ಆಗಸ್ಟಾ’ ಇನ್ನೊಂದು ಸೇರಿಸಬೇಕು. ಆ ಹೆಸರುಗಳು ಎಲ್ಲಿ ಸಿಕ್ಕವು ಎಂಬ ಆಧಾರವನ್ನು 670ರಲ್ಲಿ ಬರೆಯಬೇಕು. ಐದು ನಿಮಿಷದ ಕೆಲಸ. ಅದನ್ನು ಮಾಡದೆ ಬಿಟ್ಟರೆ, ಮೇರಿ ಎಂದು ಹುಡುಕಿದವರಿಗೆ ಪುಸ್ತಕ ಕಪಾಟಿನಲ್ಲಿ ಕಣ್ಣೆದುರೇ ಇದ್ದರೂ ‘ಫಲಿತಾಂಶ ಇಲ್ಲ’ ಎಂದೇ ಬರುತ್ತದೆ.

ಈ ಮಿಸೆಸ್ ವಾರ್ಡ್ 1908ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ, ಮಹಿಳೆಯರಿಗೆ ಮತದಾನದ ಹಕ್ಕು ಬೇಡ ಎನ್ನುತ್ತಿದ್ದ ಸಂಘದ ಮುಂಚೂಣಿ ನಾಯಕಿ. ಆದರೂ ಆಕೆಯ ಹೆಸರು ಆಕೆಗೆ ಸಿಗಲೇಬೇಕು. ಸ್ತ್ರೀವಾದವನ್ನು ಒಪ್ಪಿದ ಲೇಖಕಿಯರ ದಾಖಲೆಗಳನ್ನಷ್ಟೇ ಸರಿಪಡಿಸುವ ಕ್ಯಾಟಲಾಗು ಕ್ಯಾಟಲಾಗೇ ಅಲ್ಲ.

ಆ ದಿನ ಹೆಚ್ಚು ಹೊತ್ತು ಹಿಡಿದದ್ದು ಎರಡಾಗಿ ಒಡೆದುಹೋದ ಲೇಖಕಿಯರು. ಮದುವೆಗೆ ಮುಂಚಿನ ಪುಸ್ತಕಗಳು ಒಂದು ಹೆಸರಿನಲ್ಲಿ, ಆಮೇಲಿನವು ಇನ್ನೊಂದರಲ್ಲಿ. ಇಪ್ಪತ್ತು ವರ್ಷದ ಬರವಣಿಗೆ ಇಬ್ಬರು ಅಪರಿಚಿತರ ಪಾಲಾಗಿರುತ್ತದೆ, ಎರಡನೆಯವಳು ಈಗಷ್ಟೇ ಬರೆಯಲು ಶುರುಮಾಡಿದವಳಂತೆ ಕಾಣುತ್ತಾಳೆ. ಗಂಡಸರ ದಾಖಲೆಗಳಲ್ಲಿ ಈ ತೊಂದರೆ ಅಪರೂಪ. ಇಬ್ಬರೂ ಒಬ್ಬರೇ ಎಂದು ತೀರ್ಮಾನಿಸುವ ಮುಂಚೆ ಕನಿಷ್ಠ ಎರಡು ಸಾಕ್ಷಿ ಬೇಕು: ಹುಟ್ಟಿದ ವರ್ಷ, ಮುನ್ನುಡಿಯ ಮಾತು, ಬೆನ್ನುಪುಟದ ಪರಿಚಯ, ಹಿಂದಿನ ಪುಸ್ತಕಗಳ ಪಟ್ಟಿ, ಹೀಗೆ ಯಾವುದಾದರೂ. ಹೆಸರು ಹೊಂದಿತು, ವಿಷಯವೂ ಹತ್ತಿರದ್ದು ಎಂದು ಆತುರಪಟ್ಟು ಜೋಡಿಸಿದರೆ ಬೇರೆ ಬೇರೆ ಇಬ್ಬರು ಒಂದಾಗಿಬಿಡುತ್ತಾರೆ. ಹಾಗೆ ಬೆರೆತದ್ದನ್ನು ಮತ್ತೆ ಬಿಡಿಸುವುದು, ಒಡೆದದ್ದನ್ನು ಜೋಡಿಸುವುದಕ್ಕಿಂತ ಎಷ್ಟೋ ಕಷ್ಟ. ಬರೀ ಹೆಸರು ಬದಲಾಗಿದ್ದರೆ ಇತ್ತೀಚಿನ ಹೆಸರು 100ಕ್ಕೆ, ಹಳೆಯದು 400ಕ್ಕೆ. ಬೇಕೆಂದೇ ಇಟ್ಟುಕೊಂಡ ಬೇರೆ ಕಾವ್ಯನಾಮವಾದರೆ ಎರಡು ದಾಖಲೆಯೂ ಉಳಿಯುತ್ತವೆ, 500ನೇ ಫೀಲ್ಡು ಒಂದನ್ನೊಂದು ತೋರಿಸುತ್ತದೆ. ಆಕೆ ಬೇಕೆಂದೇ ಬೇರೆಯಾಗಿಟ್ಟ ಗುರುತನ್ನು ನಾವು ಒಂದು ಮಾಡಬಾರದು.

ಈ 100, 400, 670 ಎಂಬ ಅಂಕಿಗಳ ಭಾಷೆಗೆ ಮಾರ್ಕ್ ಎಂದು ಹೆಸರು. ಕಾರ್ಡಿನ ಮೇಲಿದ್ದುದನ್ನು ಕಂಪ್ಯೂಟರ್ ಓದುವಂತೆ ಮಾಡಿದ ಈ ಮಾದರಿಯನ್ನು 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಮುಂದೆ ನಿಂತು ರೂಪಿಸಿದವರು ಹೆನ್ರಿಯೆಟ್ ಆವ್ರಾಮ್. ಆಕೆ ಅಲ್ಲಿಗೆ ಬಂದದ್ದು ಪ್ರೋಗ್ರಾಮರ್ ಆಗಿ. ಮಾರ್ಕ್ ಕಲಿಸುವ ತರಗತಿಗಳಲ್ಲಿ ಆಕೆಯ ಹೆಸರನ್ನು ಮೊದಲ ದಿನವೇ ಹೇಳಬೇಕು.

ಮಧ್ಯಾಹ್ನ ವಿಷಯ ಶೀರ್ಷಿಕೆಗಳ, ಅಂದರೆ ಪುಸ್ತಕ ಯಾವುದರ ಕುರಿತದ್ದು ಎಂದು ಹೇಳುವ ನಿಗದಿತ ಪದಗಳ, ಸರದಿ. ಹಳೆಯ ದಾಖಲೆಗಳಲ್ಲಿ ಇನ್ನೂ ‘ವಿಮೆನ್ ಆ್ಯಸ್ ಲೈಬ್ರೇರಿಯನ್ಸ್’ ಎಂಬ ರೂಪ ಉಳಿದುಕೊಂಡಿತ್ತು. ವೈದ್ಯೆಯರಿಗೂ ಅದೇ ಅಚ್ಚು. ಆ ‘ಆ್ಯಸ್’ ಎಂಬ ಎರಡಕ್ಷರದ ಇಂಗ್ಲಿಷ್ ಪದ ಹೆಣ್ಣು ಆ ಕೆಲಸಕ್ಕೆ ವೇಷ ಹಾಕಿಕೊಂಡು ಬಂದಂತೆ ಕಾಣಿಸುತ್ತದೆ, ಗಂಡಸರಿಗೆ ಅದನ್ನು ಯಾರೂ ಅಂಟಿಸಲಿಲ್ಲ. ಅಮೆರಿಕದ ಗ್ರಂಥಪಾಲಕ ಸ್ಯಾನ್‌ಫರ್ಡ್ ಬರ್ಮನ್ 1971ರಲ್ಲಿ ಇಂಥ ಶೀರ್ಷಿಕೆಗಳ ಪಕ್ಷಪಾತವನ್ನು ಪಟ್ಟಿ ಮಾಡಿ ಪುಸ್ತಕವನ್ನೇ ತಂದರು. ಆ ದಶಕದಲ್ಲೇ ಈ ರೂಪ ‘ವಿಮೆನ್ ಲೈಬ್ರೇರಿಯನ್ಸ್’ ಎಂದು ಬದಲಾಗತೊಡಗಿತು. ಆದರೆ ಲೈಬ್ರರಿ ಆಫ್ ಕಾಂಗ್ರೆಸ್‌ನ ಶೀರ್ಷಿಕೆ ಪಟ್ಟಿಯಲ್ಲಿ ಬದಲಾದದ್ದು ಪ್ರತಿಯೊಂದು ಕ್ಯಾಟಲಾಗಿನೊಳಗೆ ತಾನಾಗಿ ಇಳಿಯುವುದಿಲ್ಲ. ಯಾರಾದರೂ ಕೂತು ತಿದ್ದಬೇಕು.

ತಿದ್ದುವಾಗ ಹಾನಿಯಾಗುವುದೂ ಇಲ್ಲೇ. ಹುಡುಕು-ಬದಲಿಸು ಆಜ್ಞೆಯನ್ನು ಇಡೀ ಡೇಟಾಬೇಸಿನ ಮೇಲೆ ಓಡಿಸಿದರೆ 245ನೇ ಫೀಲ್ಡಿನ ಪುಸ್ತಕದ ಹೆಸರೂ ಬದಲಾಗಿಬಿಡುತ್ತದೆ. 245 ಶೀರ್ಷಿಕೆ ಪುಟದ ಪ್ರತಿ, ಅಲ್ಲಿ ಏನು ಅಚ್ಚಾಗಿದೆಯೋ ಅದೇ ಇರಬೇಕು. ಹಳೆಯ ಕಾಲದ ಪೂರ್ವಗ್ರಹವಿದ್ದರೂ ಸರಿಯೇ, ಅದು ಚರಿತ್ರೆಗೆ ಸಾಕ್ಷಿ. ಆದ್ದರಿಂದ ಮೊದಲು ದಾಖಲೆಗಳನ್ನೆಲ್ಲ ಎಕ್ಸ್‌ಪೋರ್ಟ್ ಮಾಡಿ ಬೇರೆ ಕಡೆ ಇಟ್ಟುಕೊಳ್ಳಬೇಕು. ಆಜ್ಞೆಯನ್ನು ವಿಷಯ ಶೀರ್ಷಿಕೆಯ 650ಕ್ಕೆ ಮಾತ್ರ ಕಟ್ಟಬೇಕು. ಇಪ್ಪತ್ತು ದಾಖಲೆಗಳ ಮೇಲೆ ಪರೀಕ್ಷಿಸಿ, ಒಂದೊಂದನ್ನೂ ತೆರೆದು ನೋಡಿ, ಆಮೇಲೆ ಉಳಿದವು. ಹಳೆಯ ರೂಪವನ್ನು ಅಳಿಸದೆ, ಒಪ್ಪಿತ ರೂಪವನ್ನೂ ಅದರ ಬದಲಿ ರೂಪಗಳನ್ನೂ ಹಿಡಿದಿಡುವ ಅಥಾರಿಟಿ ದಾಖಲೆಯ 450ರಲ್ಲಿ ಇಡಬೇಕು. ಹಳೆಯ ಲೇಖನವೊಂದನ್ನು ಓದಿ ಅದೇ ಪದ ಹಿಡಿದು ಬಂದವರಿಗೂ ದಾರಿ ಸಿಗಬೇಕಲ್ಲ.

ಕೊನೆಗೆ ಉಳಿದದ್ದು ಒಂದೇ ಪುಸ್ತಕ, ಗ್ರಂಥಾಲಯ ವೃತ್ತಿಯಲ್ಲಿ ಮಹಿಳೆಯರ ಕುರಿತದ್ದು. ಅದಕ್ಕೆ ಕೊಟ್ಟಿದ್ದ ವರ್ಗಸಂಖ್ಯೆ 396. ಪುಸ್ತಕಗಳನ್ನು ವಿಷಯವಾರು ಅಂಕಿ ಕೊಟ್ಟು ಕಪಾಟಿನಲ್ಲಿ ಜೋಡಿಸುವ ಡ್ಯೂಯಿ ವರ್ಗೀಕರಣ ಒಂದು ಕಾಲದಲ್ಲಿ ಮಹಿಳೆಯರ ವಿಷಯವನ್ನೆಲ್ಲ ಇಟ್ಟಿದ್ದುದು ಅಲ್ಲಿ: ಪದ್ಧತಿ, ಜಾನಪದಗಳ 390ರ ಒಳಗೆ, ಶಿಷ್ಟಾಚಾರದ 395ರ ಪಕ್ಕಕ್ಕೆ. ಈಗ ಅದು 305.4, ಸ್ತ್ರೀವಾದ 305.42. ಆದರೆ ಮತದಾನದ ಹೋರಾಟ 324.623ಕ್ಕೆ, ದುಡಿಯುವ ಮಹಿಳೆಯರು 331.4ಕ್ಕೆ ಹೋಗುತ್ತಾರೆ. ಚದುರಿರುವುದು ದೋಷವೆಂದು ನನಗೆ ಅನಿಸುವುದಿಲ್ಲ. ಎಲ್ಲ ವಿಷಯದಲ್ಲೂ ಹೆಣ್ಣು ಇದ್ದಾಳೆ ಎಂದ ಮೇಲೆ ಎಲ್ಲ ಕಪಾಟಿನಲ್ಲೂ ಇರಲಿ. ಅವನ್ನು ಒಟ್ಟಿಗೆ ತೋರಿಸುವ ಹೊಣೆ ವಿಷಯ ಶೀರ್ಷಿಕೆಯದು.

ಈ ಪುಸ್ತಕಕ್ಕೆ 020.82 ಕೊಡಬಹುದು, ಗ್ರಂಥಾಲಯ ವಿಜ್ಞಾನಕ್ಕೆ ‘ಮಹಿಳೆಯರು’ ಎಂಬ ಉಪವಿಭಾಗ ಸೇರಿಸಿ. ಅಥವಾ 023, ಸಿಬ್ಬಂದಿ ನಿರ್ವಹಣೆ. ತೀರ್ಮಾನಕ್ಕೆ ಒಳಪುಟ ಓದಬೇಕಾಯಿತು. 1877ರ ಲಂಡನ್ನಿನ ಗ್ರಂಥಪಾಲಕರ ಸಮ್ಮೇಳನದಲ್ಲಿ ಅಮೆರಿಕದ ಗ್ರಂಥಪಾಲಕ ಜಸ್ಟಿನ್ ವಿನ್ಸರ್, ಕೊಡುವ ಸಂಬಳಕ್ಕೆ ಹೆಂಗಸರು ಅದೇ ದುಡ್ಡಿನ ಗಂಡಸರಿಗಿಂತ ಎಷ್ಟೋ ಮೇಲು ಎಂದು ಹೊಗಳಿದ್ದರು. ಹೊಗಳಿಕೆಯ ಒಳಗೇ ಕಡಿಮೆ ಸಂಬಳ ಅಡಗಿತ್ತು. 1887ರಲ್ಲಿ, ಆ ವರ್ಗೀಕರಣ ರೂಪಿಸಿದ ಮೆಲ್ವಿಲ್ ಡ್ಯೂಯಿ ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ತೆರೆದ ಮೊದಲ ಗ್ರಂಥಾಲಯ ಶಾಲೆಯ 20 ವಿದ್ಯಾರ್ಥಿಗಳಲ್ಲಿ 17 ಮಂದಿ ಹೆಂಗಸರು. ಬಾಗಿಲು ತೆರೆದ ಅದೇ ಡ್ಯೂಯಿ ಮಹಿಳೆಯರೊಡನೆ ಕೆಟ್ಟದಾಗಿ ನಡೆದುಕೊಂಡ ಕಾರಣಕ್ಕೆ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ 2019ರಲ್ಲಿ ತನ್ನ ಪದಕದಿಂದ ಅವರ ಹೆಸರು ತೆಗೆಯಿತು. 1876ರಲ್ಲಿ ಶುರುವಾದ ಆ ಸಂಘಕ್ಕೆ ಮೊದಲ ಅಧ್ಯಕ್ಷೆ, ಥೆರೆಸಾ ಎಲ್ಮೆಂಡಾರ್ಫ್, ಬಂದದ್ದು 1911ರಲ್ಲಿ. 1800ರ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಮೊದಲ ಮಹಿಳಾ ಮುಖ್ಯಸ್ಥೆ, ಕಾರ್ಲಾ ಹೇಡನ್, 2016ರಲ್ಲಿ.

ಪುಸ್ತಕದ ಮುಕ್ಕಾಲು ಭಾಗ ವೃತ್ತಿಯ ಚರಿತ್ರೆ, ಸಂಬಳದ್ದು ಒಂದೇ ಅಧ್ಯಾಯ. 020.82 ಎಂದು ನಿಂತಿತು. ದಾಖಲೆಯಲ್ಲಿ ಸಂಖ್ಯೆ ತಿದ್ದಿ, ಒಳರಟ್ಟಿನ ಚೀಟಿಯಲ್ಲಿ ತಿದ್ದಿ, ಬೆನ್ನಿನ ಹಳೆಯ ಲೇಬಲನ್ನು ಪೂರ್ತಿ ಕಿತ್ತು ಹೊಸದು ಅಂಟಿಸಿದ್ದಾಯಿತು. ಮೂರರಲ್ಲಿ ಒಂದು ತಪ್ಪಿದರೂ ಪುಸ್ತಕ ಹಳೆಯ ಜಾಗಕ್ಕೇ ಮರಳುತ್ತದೆ. 395ರ ಪಕ್ಕದಲ್ಲಿ ತೆರವಾದ ಜಾಗಕ್ಕೆ ಒಂದು ಬುಕ್‌ಎಂಡ್ ಒರಗಿಸಿ, ಪುಸ್ತಕವನ್ನು ಮೊದಲ ಕಪಾಟಿನ 020ರ ಸಾಲಿನಲ್ಲಿ ಇಟ್ಟು ಬಂದೆ.