ರುಚಿ ಎಂದು ಹೇಳಿ ಎದ್ದುಹೋಗುವ ಮುನ್ನ

ಬೆಂಗಳೂರಿನ ಸಣ್ಣದೊಂದು ಆಟ ಪ್ರಕಾಶನ ಸಂಸ್ಥೆಯಲ್ಲಿ ಪ್ಲೇಟೆಸ್ಟ್ ನೋಡಿಕೊಳ್ಳುವುದು ನನ್ನ ಕೆಲಸ. ರೋಲ್‌ಪ್ಲೇಯಿಂಗ್ ಆಟಗಳ ನಿಯಮ ಪುಸ್ತಕ ಅಚ್ಚಿಗೆ ಹೋಗುವ ಮೊದಲು ಬೇರೆ ಬೇರೆ ತಂಡಗಳಿಂದ ಆಡಿಸಿ, ಎಲ್ಲಿ ಸರಾಗವಾಗಿ ಸಾಗುತ್ತದೆ, ಎಲ್ಲಿ ಮುಗ್ಗರಿಸುತ್ತದೆ ಎಂದು ಬರೆದುಕೊಡುತ್ತೇನೆ. ಇವು ಕಂಪ್ಯೂಟರಿನಲ್ಲಿ ಆಡುವ ಆಟಗಳಲ್ಲ. ಮೇಜಿನ ಸುತ್ತ ಕುಳಿತು, ಒಬ್ಬರು ಕಥೆ ನಡೆಸುವ ಗೇಮ್ ಮಾಸ್ಟರ್ ಆಗಿ, ಉಳಿದವರು ಒಂದೊಂದು ಪಾತ್ರವಾಗಿ, ಮಾತು ಮತ್ತು ದಾಳಗಳಿಂದಲೇ ಕಥೆ ಕಟ್ಟುವಂಥವು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 'ಡಂಜನ್ಸ್ ಅಂಡ್ ಡ್ರಾಗನ್ಸ್' ಹೊರತಂದ ಮೇಲೆ ಬೆಳೆದ ಪ್ರಕಾರ ಇದು.

ಈ ಕೆಲಸದಲ್ಲಿ ನಾನು ಅತಿ ಹೆಚ್ಚು ಕೇಳಿರುವ ಮಾತು, "ಅದೆಲ್ಲ ಅವರವರ ರುಚಿ, ಮೇಡಂ." ಪರೀಕ್ಷಾ ತಂಡದ ಟೀಕೆಯನ್ನು ಸಭೆಯಲ್ಲಿ ಓದುತ್ತೇನೆ, ಯಾರೋ ಈ ಮಾತು ಹೇಳುತ್ತಾರೆ, ಚರ್ಚೆ ಅಲ್ಲಿಗೆ ಮುಗಿದುಹೋಗುತ್ತದೆ. ಲೋಕೋ ಭಿನ್ನರುಚಿಃ ಎನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಕೆಲಸ ಶುರುವಾಗುವ ಮೊದಲೇ ಅದನ್ನು ಹೇಳಿ ಕೈತೊಳೆದುಕೊಂಡರೆ ಆಟಗಾರರಿಗೆ ಅನ್ಯಾಯವಾಗುತ್ತದೆ.

ಒಂದು ಉದಾಹರಣೆಯನ್ನು ವಿವರವಾಗಿಯೇ ಹೇಳುತ್ತೇನೆ. ನಮ್ಮಲ್ಲಿ ಒಂದು ಪತ್ತೇದಾರಿ ಆಟ ತಯಾರಾಗುತ್ತಿತ್ತು. ಚಿಕ್ಕಪೇಟೆಯ ರೇಷ್ಮೆ ವ್ಯಾಪಾರಿಯೊಬ್ಬರು ಕಾಣೆಯಾಗಿದ್ದಾರೆ. ಗದ್ದುಗೆಯ ಕೆಳಗೆ ಬಚ್ಚಿಟ್ಟ ಲೆಕ್ಕದ ಪುಸ್ತಕ ಸಿಕ್ಕರೆ ಮಾತ್ರ ಕಥೆ ಮುಂದಕ್ಕೆ ಹೋಗುತ್ತದೆ. ಅದನ್ನು ಹುಡುಕಲು ಶೇಕಡಾ ದಾಳ, ಅಂದರೆ 1ರಿಂದ 100ರವರೆಗಿನ ಸಂಖ್ಯೆ ಕೊಡುವ ದಾಳ, ಉರುಳಿಸಬೇಕು, ಅದೂ ಒಂದೇ ಸಲ. ಹುಡುಕುವ ಪಾತ್ರದ ಕೌಶಲ 40; ದಾಳದಲ್ಲಿ 40 ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ಮಾತ್ರ ಗೆಲುವು. ಅಂದರೆ ನೂರರಲ್ಲಿ 60 ಸಲ ಪುಸ್ತಕ ಸಿಗುವುದಿಲ್ಲ. ಸಿಗಲಿಲ್ಲ ಕೂಡ. ಆಟಗಾರರು ಅಂಗಡಿಯ ಗುಮಾಸ್ತನನ್ನು ಮತ್ತೆ ಮತ್ತೆ ಪ್ರಶ್ನಿಸಿದರು, ಎದುರಿನ ಬೀದಿಗೆ ಹೋಗಿ ಬಂದರು, ಪಾಪ, ಗೋಡೆಯನ್ನೂ ತಟ್ಟಿ ನೋಡಿದರು. ಗೇಮ್ ಮಾಸ್ಟರ್ ಆಗಿ ಕುಳಿತ ಹುಡುಗಿ ಪುಟ ತಿರುವುತ್ತ ಬೆವರುತ್ತಿದ್ದಳು. ಮುಂದೇನು ಮಾಡಬೇಕೆಂದು ನಿಯಮ ಪುಸ್ತಕ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಬೆಳ್ಳಂದೂರಿನಿಂದ ಸಿಲ್ಕ್ ಬೋರ್ಡ್ ದಾಟಿ, ಅಷ್ಟೆಲ್ಲ ಟ್ರಾಫಿಕ್ ಸಹಿಸಿಕೊಂಡು ಜಯನಗರಕ್ಕೆ ಬಂದವರ ಒಂದು ಸಂಜೆ ಹೀಗೆ ವ್ಯರ್ಥವಾಯಿತು.

ಈ ವರದಿಗೂ "ಕೆಲವರಿಗೆ ಕಷ್ಟದ ಆಟವೇ ಇಷ್ಟ" ಎಂಬ ಉತ್ತರ ಬಂತು. ನಾನು ಬಿಡಲಿಲ್ಲ. 'ಸುಳಿವುಗಳನ್ನು ಪೋಣಿಸಿ ರಹಸ್ಯ ಬಿಡಿಸಿ' ಎನ್ನುವುದು ಆ ನಿಯಮ ಪುಸ್ತಕ ಆಟಗಾರರಿಗೆ ಕೊಟ್ಟ ಮಾತು. ಸುಳಿವೇ ಕೈಗೆ ಬಾರದೆ ಪೋಣಿಸುವುದು ಏನನ್ನು? ಪತ್ತೇದಾರಿ ಕಥೆ ಇಷ್ಟವೋ ಅಲ್ಲವೋ ಎಂಬುದು ಅವರವರಿಗೆ ಬಿಟ್ಟದ್ದು. ಆದರೆ ಪತ್ತೇದಾರಿ ಆಟ ಎಂದು ಹೇಳಿ, ಪತ್ತೆ ಮಾಡಲು ಅವಕಾಶವನ್ನೇ ಕೊಡದ ನಿಯಮ ಕೆಟ್ಟ ನಿಯಮ. ಅದನ್ನು ಇಷ್ಟಪಡುವವರು ಒಬ್ಬರು ಸಿಕ್ಕರೂ ಅದು ಕೆಟ್ಟದ್ದೇ.

ಹಾಗೆ ಇಷ್ಟಪಟ್ಟವರೂ ಒಬ್ಬರಿದ್ದರು. ದಾರಿ ಕಾಣದೆ ಒಬ್ಬರ ಮೇಲೊಬ್ಬರು ಅನುಮಾನಪಡುತ್ತ ಕುಳಿತ ಆ ಹೊತ್ತೇ ತಮಗೆ ಅತ್ಯಂತ ಚೆನ್ನಾಗಿತ್ತು ಎಂದರು. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅವರು ಮೆಚ್ಚಿದ್ದು ಬೇರೆಯೇ ಆಟವನ್ನು. ಅನುಮಾನವೇ ತಿರುಳಾಗಿರುವ, ಇನ್ನೂ ಯಾರೂ ಬರೆಯದ ಒಂದು ಆಟವನ್ನು.

ಈ ತೊಡಕು ಹೊಸದಲ್ಲ. 1981ರ 'ಕಾಲ್ ಆಫ್ ಕ್ತುಲು' ಶೇಕಡಾ ದಾಳದ ಮೇಲೆಯೇ ನಿಂತ ತನಿಖೆಯ ಆಟ. ಅದನ್ನು ಆಡಿಸುವವರೂ ಸುಳಿವು ತಪ್ಪಿಹೋಗುವ ಈ ಸಮಸ್ಯೆಯನ್ನು ಕಂಡವರೇ. ಪ್ರತಿ ತೀರ್ಮಾನಕ್ಕೂ ಕನಿಷ್ಠ ಮೂರು ಸುಳಿವುಗಳಿರಲಿ ಎಂದು ಇಂಥ ಆಟಗಳ ಬಗ್ಗೆ ಬರೆಯುವ ಜಸ್ಟಿನ್ ಅಲೆಕ್ಸಾಂಡರ್ ಸೂಚಿಸಿದರು. ಆಟ ವಿನ್ಯಾಸಕ ರಾಬಿನ್ ಲಾಸ್ ತಮ್ಮ 'ಗಮ್‌ಶೂ' ಪದ್ಧತಿಯಲ್ಲಿ ಇನ್ನೂ ಮುಂದೆ ಹೋದರು: ಸರಿಯಾದ ಕೌಶಲವಿರುವ ಪಾತ್ರ ಸರಿಯಾದ ಜಾಗದಲ್ಲಿ ಹುಡುಕಿದರೆ ಮುಖ್ಯ ಸುಳಿವು ಸಿಕ್ಕೇ ಸಿಗುತ್ತದೆ, ದಾಳದ ಗೊಡವೆಯೇ ಇಲ್ಲ. ನಮ್ಮ ಲೆಕ್ಕದಲ್ಲಿ ಮೂರು ಸುಳಿವುಗಳಿಟ್ಟು ಪ್ರತಿಯೊಂದಕ್ಕೂ ದಾಳ ಉಳಿಸಿಕೊಂಡರೆ, ಮೂರೂ ತಪ್ಪುವ ಸಾಧ್ಯತೆ ನೂರಕ್ಕೆ ಸುಮಾರು 22. ಅದೂ ಹೆಚ್ಚೇ. ಕೊನೆಗೆ ಲೆಕ್ಕದ ಪುಸ್ತಕಕ್ಕಿದ್ದ ದಾಳವನ್ನೇ ತೆಗೆದೆವು. ಪುಸ್ತಕ ಎಷ್ಟು ಬೇಗ ಸಿಕ್ಕಿತು, ಹುಡುಕುವಾಗ ಯಾರ ಕಣ್ಣಿಗೆ ಬಿದ್ದರು ಎಂಬುದನ್ನು ಈಗ ದಾಳ ನಿರ್ಧರಿಸುತ್ತದೆ.

ಲೆಕ್ಕ ಹಾಕಿಯೇ ತೋರಿಸಬಹುದಾದ ದೋಷಗಳೂ ಇವೆ. 1991ರಲ್ಲಿ ಬಂದ 'ವ್ಯಾಂಪೈರ್: ದಿ ಮಾಸ್ಕರೇಡ್'ನಲ್ಲಿ ಕೌಶಲ ಹೆಚ್ಚಿದಷ್ಟೂ ಹೆಚ್ಚು ದಾಳಗಳು, ಪ್ರತಿಯೊಂದಕ್ಕೂ ಹತ್ತು ಮುಖ. ಗೆಲುವಿನ ದಾಳಗಳಿಗಿಂತ 1 ಬಿದ್ದ ದಾಳಗಳು ಹೆಚ್ಚಾದರೆ ಘೋರ ವೈಫಲ್ಯ. ಕೆಲಸದ ಕಷ್ಟ 10 ಎಂದಿಟ್ಟುಕೊಳ್ಳಿ, ಅಂದರೆ 10 ಬಿದ್ದರೆ ಮಾತ್ರ ಗೆಲುವು. ಒಂದೇ ದಾಳವಿರುವ ಕಲಿಕೆಯವನಿಗೆ ಘೋರ ವೈಫಲ್ಯದ ಸಾಧ್ಯತೆ ನೂರಕ್ಕೆ 10. ಮೂರು ದಾಳಗಳಿರುವ ನುರಿತವನಿಗೆ ನೂರಕ್ಕೆ 22! ಗೆಲುವಿನ ಸಾಧ್ಯತೆಯೂ ಅಷ್ಟೇ ಏರುತ್ತದೆ, ನಿಜ. ಆದರೂ ಕಲಿತವನೇ ಹೆಚ್ಚು ಅನಾಹುತ ಮಾಡಿಕೊಳ್ಳಬೇಕೆಂದು ಯಾವ ವಿನ್ಯಾಸಕರೂ ಬಯಸಲಾರರು. ಆ ಆಟವನ್ನು ಮನಸಾರೆ ಪ್ರೀತಿಸಿದವರಲ್ಲಿ ನಾನೂ ಒಬ್ಬಳು. ಅದರ ಕತ್ತಲೆ, ಅದರ ನಗರ, ಹಸಿವಿನ ಜೊತೆಗಿನ ಆ ಜಗ್ಗಾಟ ನನಗೆ ಇಂದಿಗೂ ಪ್ರಿಯ. ಪ್ರೀತಿಯಿಂದ ಆ ಲೆಕ್ಕ ಬದಲಾಗುವುದಿಲ್ಲ, ಲೆಕ್ಕದಿಂದ ಪ್ರೀತಿಯೂ ಕರಗಿಲ್ಲ.

ಹಾಗಾದರೆ ರುಚಿಗೆ ಜಾಗ ಎಲ್ಲಿ? ಯಾವ ಮಾತು ಕೊಟ್ಟ ಆಟವನ್ನು ಆರಿಸಿಕೊಳ್ಳುತ್ತೀರಿ ಎಂಬಲ್ಲಿ. 2009ರ 'ಫಿಯಾಸ್ಕೊ'ದಲ್ಲಿ ಗೇಮ್ ಮಾಸ್ಟರ್ ಇಲ್ಲ; ಆಸೆ ದೊಡ್ಡದು, ವಿವೇಕ ಚಿಕ್ಕದು ಎಂಬಂಥ ಪಾತ್ರಗಳು ಒಂದೇ ಬೈಠಕ್ಕಿನಲ್ಲಿ ತಮ್ಮ ಬದುಕನ್ನು ತಾವೇ ಹಾಳುಮಾಡಿಕೊಳ್ಳುತ್ತವೆ. ವರ್ಷಗಟ್ಟಲೆ ಒಂದೇ ಪಾತ್ರವನ್ನು ಬೆಳೆಸಬೇಕೆನ್ನುವವರಿಗೆ ಅದು ಸಪ್ಪೆ. ಆ ದೂರನ್ನು ದೋಷಗಳ ಪಟ್ಟಿಯಲ್ಲಿ ಬರೆಯುವುದು ತಪ್ಪು.

ಇವೆರಡರ ನಡುವಿನದೇ ಕಷ್ಟದ ಭಾಗ. ಲೆಕ್ಕಕ್ಕೆ ಸಿಗದ, ಹಾಗೆಂದು ಬರೀ ರುಚಿಯೂ ಅಲ್ಲದ ಗುಣಗಳಿವೆ. ತಾಳಮದ್ದಳೆಯನ್ನು ಬಹುಕಾಲ ಕೇಳಿದವರಲ್ಲಿ ಯಾವ ಅರ್ಥಧಾರಿ ಮೇಲು ಎಂಬ ಜಗಳ ಮುಗಿಯುವುದೇ ಇಲ್ಲ. ಆದರೆ ಎದುರಾಳಿಗೆ ಮಾತಾಡಲು ಎಡೆಯನ್ನೇ ಕೊಡದ ಅರ್ಥಗಾರಿಕೆ ಪ್ರಸಂಗವನ್ನು ಕೆಡಿಸುತ್ತದೆ ಎಂಬುದರಲ್ಲಿ ಅವರಿಗೆ ಭಿನ್ನಾಭಿಪ್ರಾಯವಿಲ್ಲ. ನಮ್ಮ ಆಟಗಳಲ್ಲೂ ಹಾಗೆಯೇ. ಆಟಗಾರರು ಏನು ಮಾಡಿದರೂ ಕಥೆ ಮೊದಲೇ ಬರೆದಿಟ್ಟ ಕಡೆಗೇ ಹೋಗುತ್ತಿದ್ದರೆ, ಬಹಳ ಆಡಿದವರಿಗೆ ಅದು ಬೇಗ ಗೊತ್ತಾಗುತ್ತದೆ. ಅಂಥವರು ಒಂದೇ ಜಾಗಕ್ಕೆ ಬೆರಳಿಟ್ಟು ತೋರಿಸಿದಾಗ ನಾನು ಅದನ್ನು ಸಾಕ್ಷ್ಯವೆಂದೇ ತೆಗೆದುಕೊಳ್ಳುತ್ತೇನೆ.

ಇದೆಲ್ಲದರಿಂದ ನನ್ನ ಪ್ರಶ್ನಾವಳಿ ಬದಲಾಗಿದೆ. "ಆಟ ಇಷ್ಟವಾಯಿತೇ?" ಎಂಬ ಮೊದಲ ಪ್ರಶ್ನೆಯನ್ನು ತೆಗೆದುಹಾಕಿದೆ. ಎಲ್ಲರೂ ಸೌಜನ್ಯಕ್ಕೆ ಹೌದು ಎನ್ನುತ್ತಾರೆ. ಈಗ ಮೊದಲು ಕೇಳುವುದು: ಈ ಆಟ ನಿಮಗೆ ಏನನ್ನು ಕೊಡುತ್ತೇನೆಂದು ಹೇಳಿತ್ತು? ಆಮೇಲೆ: ಯಾವ ಹೊತ್ತಿನಲ್ಲಿ ಮೊಬೈಲ್ ಕೈಗೆತ್ತಿಕೊಂಡಿರಿ? ಈ ಎರಡನೆಯದಕ್ಕೆ ಬರುವಷ್ಟು ಪ್ರಾಮಾಣಿಕ ಉತ್ತರ ಬೇರೆ ಯಾವುದಕ್ಕೂ ಬರುವುದಿಲ್ಲ. ಇಷ್ಟಾನಿಷ್ಟಕ್ಕೆ ಕೊನೆಯಲ್ಲಿ ಪ್ರತ್ಯೇಕ ಜಾಗವಿದೆ. ಅದನ್ನೂ ಪೂರ್ತಿ ಓದುತ್ತೇನೆ, ಮುಂದಿನ ಆಟ ಯಾವುದಿರಬೇಕೆಂದು ಯೋಚಿಸಲು ಅದು ಬೇಕು.

ಸದ್ಯ ಪರೀಕ್ಷೆಯಲ್ಲಿರುವ ಆಟದಲ್ಲಿ ಪಾತ್ರ ರಚನೆಗೇ ಒಂದು ಗಂಟೆಗೂ ಹೆಚ್ಚು ಹಿಡಿಯುತ್ತಿದೆ. ನಮ್ಮ ಹಿರಿಯ ವಿನ್ಯಾಸಕರಿಗೆ ಆ ನಿಧಾನವೇ ಪ್ರಿಯ, ಪಾತ್ರದ ಮೇಲೆ ಅಕ್ಕರೆ ಹುಟ್ಟುವುದೇ ಆಗ ಎನ್ನುತ್ತಾರೆ. ಇರಬಹುದು. ಆದರೆ ಹಿಂಬದಿಯ ರಕ್ಷಾಪುಟದಲ್ಲಿ 'ಒಂದು ಸಂಜೆಯಲ್ಲಿ ಮುಗಿಯುವ ಆಟ' ಎಂದು ಅಚ್ಚಾಗಲಿದೆ. "ಸರ್, ಒಂದೋ ಆ ಸಾಲು ಹೋಗಬೇಕು, ಇಲ್ಲವೇ ಆ ಗಂಟೆ" ಎಂದು ಹೇಳಿದ್ದೇನೆ. ಅವರು ಇನ್ನೂ ಒಪ್ಪಿಲ್ಲ. ಮುಂದಿನ ಸಭೆಗೆ ಎರಡೂ ಬಗೆಯ ಕರಡುಗಳನ್ನು ಸಿದ್ಧಪಡಿಸುತ್ತಿದ್ದೇನೆ.